ಸಿನಿಮಾದಲ್ಲಿ ಹಿಂಗಿಲ್ಲ ಕನಾ

ಪೌರಾಣಿಕ ನಾಟಕ ಆಡುವ ಊರುಗಳಲ್ಲಿ ಎಲ್ಲ ಬಗೆಯ ಜನರೂ ಸಿಗುತ್ತಾರೆ. ಕೃಷ್ಣನ ಪಾರ್ಟಿಗೆ ದುಡ್ಡು ಕಟ್ಟಿ ಕೊಳಲನ್ನು ತಲೆಕೆಳಗಾಗಿ ಹಿಡಿಯುವವರು, ಶಕುನಿಯ ಪಾರ್ಟು ಸಿಕ್ಕಿದ ಮೇಲೆ ಮನೆಯಲ್ಲೂ ಕುಂಟುವವರು, ಹಾರ್ಮೋನಿಯಂ ಮೇಷ್ಟ್ರಿಗೇ ಶ್ರುತಿ ಹೇಳಿಕೊಡುವವರು. ಇವರನ್ನೆಲ್ಲ ಹೇಗೋ ಸಹಿಸಬಹುದು. ನಾಟಕ ಮುಗಿದ ಮರುದಿನ ಅರಿಶಿನದ ಹೊಲಕ್ಕೋ ಡೇರಿಗೋ ಹೊರಟುಬಿಡುತ್ತಾರೆ. ಸಹಿಸಲು ಕಷ್ಟವಾದವನು ಇನ್ನೊಬ್ಬನಿದ್ದಾನೆ. ಅವನಿಗೆ ಮಾತು, ಪದ, ಅಭಿನಯ ಎಲ್ಲ ಆಮೇಲಿನ ಮಾತು. ತಲೆ ಮೇಲಿನ ಕಿರೀಟ ಮಾತ್ರ ತೆರೆಯ ಮೇಲೆ ರಾಜ್‌ಕುಮಾರ್ ತಲೆಯಲ್ಲಿ ಹೇಗಿತ್ತೋ ಹಾಗೇ ಇರಬೇಕು. ಒಂದು ಮಣಿ ಹೆಚ್ಚಿಲ್ಲ, ಒಂದು ಮಣಿ ಕಮ್ಮಿಯಿಲ್ಲ. ಈ ಪೈಕಿಯವರು ಈಗ ಊರಿಗೊಬ್ಬರಂತೆ ಹುಟ್ಟಿಕೊಂಡಿದ್ದಾರೆ. ಕುದೇರಿನ ಪಾಲಿಗೆ ಬಂದವರು ನಮ್ಮ ಅಕ್ಕನನ್ನು ಮದುವೆಯಾಗಿದ್ದಾರೆ. ಆದ್ದರಿಂದ ಈ ಬರಹದಲ್ಲಿ ಯಾರೂ ನ್ಯಾಯ ನಿರೀಕ್ಷಿಸಬಾರದು.

ಭಾವನದು ಪಂಪ್‌ಸೆಟ್ ಮೋಟರು ಸುತ್ತುವ ಅಂಗಡಿ. ಮೇಜಿನ ಅರ್ಧ ಭಾಗದಲ್ಲಿ ತಾಮ್ರದ ತಂತಿ, ಉಳಿದರ್ಧದಲ್ಲಿ ದುರ್ಯೋಧನ. ಬಾಗಿಲಲ್ಲಿ ನಿಂತ ರೈತ, ‘ಅಣ್ಣ, ಮೋಟ್ರು ಯಾವತ್ತು ಕೊಟ್ಟೀಯ? ಬೆಳೆ ಒಣಗ್ತಾ ಅದ’ ಎಂದು ಗೋಗರೆದರೆ, ಭಾವ ತಲೆಯೆತ್ತದೆ, ‘ತಡಿಯಪ್ಪ, ಇಲ್ಲಿ ಭುಜಕೀರ್ತಿ ಒಣಗ್ತಾ ಇಲ್ಲ’ ಎನ್ನುತ್ತಾರೆ. ಅಂಗಡಿಯ ಬಾಕಿ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲೆಲ್ಲ ಕಿರೀಟದ ಅಳತೆಗಳು. ಒಮ್ಮೆ ಯಾರದೋ ಸಾಲದ ಮೊತ್ತಕ್ಕೆ ಡಾಬಿನ ಸುತ್ತಳತೆಯೂ ಸೇರಿಹೋಗಿ ದೊಡ್ಡ ಪಂಚಾಯಿತಿಯೇ ಆಯಿತು.

ಅವರ ಆಧಾರಗ್ರಂಥ 1977ರ ‘ಬಬ್ರುವಾಹನ’. ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ ಆ ಚಿತ್ರದಲ್ಲಿ ಅರ್ಜುನನೂ ರಾಜ್‌ಕುಮಾರ್, ಮಗ ಬಬ್ರುವಾಹನನೂ ರಾಜ್‌ಕುಮಾರ್. ಉಳಿದವರು ಅಪ್ಪ ಮಗನ ಜಗಳ ನೋಡಿ ಮೈಮರೆಯುವಾಗ ಭಾವ ಮೊಬೈಲು ಒತ್ತಿ ಇಬ್ಬರನ್ನೂ ನಿಲ್ಲಿಸಿಬಿಡುತ್ತಾರೆ. ಆಮೇಲೆ ಪರದೆಯ ಮೇಲೆ ಸ್ಕೇಲಿಟ್ಟು ಗಲ್ಲದಿಂದ ಹಣೆಗೆಷ್ಟು, ಹಣೆಯಿಂದ ಕಿರೀಟದ ತುದಿಗೆಷ್ಟು ಅಂತ ಅಳೆದು ಭಾಗಾಕಾರ. ರಾಜ್‌ಕುಮಾರ್ ಅವರದು ನೀಳ ಮುಖ, ನಮ್ಮ ಭಾವನದು ದುಂಡು ಮುಖ. ಲೆಕ್ಕ ಎಷ್ಟೇ ಸರಿಯಾಗಿ ಬಂದರೂ ಕಿರೀಟ ಮಾತ್ರ ಕಿವಿಯ ಮೇಲೆ ಬಂದು ಕೂರುತ್ತದೆ. ಇನ್ನು ಬಣ್ಣದ ತಕರಾರೇ ಬೇರೆ. ಹಳೆಯ ಪ್ರಿಂಟಿನ ಒಂದು ನಕಲಿನಲ್ಲಿ ಕೆಂಪಾಗಿ ಕಾಣುವ ಮಣಿ ಇನ್ನೊಂದರಲ್ಲಿ ಕಿತ್ತಳೆ. ಯಾವುದು ನಿಜ ಎಂದು ತೀರ್ಮಾನವಾಗುವ ತನಕ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ. ಒಂದು ಸಂಜೆ ತಾಳ್ಮೆಗೆಟ್ಟು, ‘ಭಾವ, 1960ರ ರಣಧೀರ ಕಂಠೀರವ ಮಾಡ್ಕೊಳ್ಳಿ, ಅದು ಕಪ್ಪು ಬಿಳುಪು, ಬಣ್ಣದ ತೊಂದರೆಯೇ ಇಲ್ಲ’ ಎಂದೆ. ಅವರು ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಎರಡು ದಿನ ಯೋಚಿಸಿ ಬಂದು, ‘ಬೂದು ಬಣ್ಣದಲ್ಲಿ ಹಸ್ರು ಯಾವ್ದು ಕೆಂಪು ಯಾವ್ದು ಅಂತ ಕಂಡುಹಿಡಿಯಕ್ಕ ಬತ್ತದ ಕನಾ’ ಎಂದರು.

ದುರ್ಯೋಧನನ ಪಾರ್ಟಿಗೆ ಬಬ್ರುವಾಹನನ ಕವಚ ಯಾಕೆ ಎಂಬ ಪ್ರಶ್ನೆಯನ್ನೂ ಕೇಳಿ ನೋಡಿದ್ದೇನೆ. ‘ಎಲ್ಲ ಒಂದೇ ವಂಶ ಕನಾ. ಕವಚ ಮಾಡೋನು ಊರಿಗ ಒಬ್ನೇ ಇದ್ದಿರ್ತಾನ’ ಎಂಬ ಉತ್ತರ ಬಂತು. ಇದಕ್ಕೆ ವ್ಯಾಸರ ಬಳಿಯೂ ಮರುಮಾತು ಇರಲಾರದು. ಹುಡುಗರು 2019ರ ‘ಕುರುಕ್ಷೇತ್ರ’ ಸಿನಿಮಾದ ಫೋಟೋ ತಂದು ತೋರಿಸಿದರೆ ಕಣ್ಣೆತ್ತಿಯೂ ನೋಡುವುದಿಲ್ಲ: ‘ಅದೆಲ್ಲ ಕಂಪ್ಯೂಟ್ರು.’

ಕೆಲಸಗಾರಿಕೆಯ ವಿಷಯಕ್ಕೆ ಬಂದರೆ ನಾನು ಬಾಯಿ ಮುಚ್ಚಿಕೊಳ್ಳಬೇಕು. ನೆಲಕ್ಕೆ ಹಾಸುವ ಫೋಮ್ ಶೀಟನ್ನು ಭಾವ ಮೈಸೂರಿನಿಂದ ಸುರುಳಿ ಸುತ್ತಿ ಬಸ್ಸಿನಲ್ಲಿ ತರುತ್ತಾರೆ. ಕಂಡಕ್ಟರು ಲಗೇಜು ಟಿಕೆಟ್ ಕೇಳಿದರೆ ‘ಇದು ಲಗೇಜಲ್ಲ, ದುರ್ಯೋಧನ’ ಎನ್ನುತ್ತಾರೆ, ಆಮೇಲೆ ದುಡ್ಡು ಕೊಡುತ್ತಾರೆ. ಮೊದಲು ರಟ್ಟಿನ ಮೇಲೆ ಅಚ್ಚು ಬರೆದು ಕತ್ತರಿಸುವುದು. ಆ ಅಚ್ಚಿಟ್ಟು ಎದೆಗೆ ದಪ್ಪ ಹಾಳೆ, ಅಂಚಿನ ಬಳ್ಳಿ ಹೂವಿಗೆ ತೆಳು ಹಾಳೆ ಕೊಯ್ಯುವುದು. ಬಿಸಿಗಾಳಿ ಗನ್ನು ಹಿಡಿದು ಫೋಮು ಮೆತ್ತಗಾಗುತ್ತಿದ್ದಂತೆ ಮೊಣಕಾಲಿನ ಮೇಲಿಟ್ಟು ಬಾಗಿಸಿದರೆ, ತಣ್ಣಗಾದ ಮೇಲೆ ಬಾಗಿದ ಹಾಗೇ ನಿಲ್ಲುತ್ತದೆ. ಅಂಟನ್ನು ಎರಡೂ ಕಡೆ ಸವರಿ, ಬೆರಳಿಗೆ ಹತ್ತದಷ್ಟು ಆರುವ ತನಕ ಬಿಟ್ಟು, ಆಮೇಲೆ ಒಂದೇ ಸಲಕ್ಕೆ ಸರಿಯಾಗಿ ಕೂರಿಸಬೇಕು. ತಪ್ಪಿದರೆ ಹರಿದೇ ಬಿಡಿಸಬೇಕು. ಫೋಮಿನ ರಂಧ್ರ ಮುಚ್ಚಲು ನೀರು ಬೆರೆಸಿದ ಬಿಳಿ ಫೆವಿಕಾಲಿನ ನಾಲ್ಕೈದು ಕೈ. ಅದರ ಮೇಲೆ ಪೂರ್ತಿ ಕಪ್ಪು. ಆ ಕಪ್ಪಿನ ಮೇಲೆ ಒಣ ಬ್ರಶ್ಶಿನಲ್ಲಿ ಚಿನ್ನದ ಬಣ್ಣವನ್ನು ಉಬ್ಬುಗಳಿಗೆ ಮಾತ್ರ ತಾಗಿಸಿದಾಗ, ತಗ್ಗಿನಲ್ಲಿ ಕಪ್ಪು ಉಳಿದು, ನೂರು ವರ್ಷ ದೇವಸ್ಥಾನದ ದೀಪದ ಹೊಗೆ ಕುಡಿದ ಹಿತ್ತಾಳೆ ಎದುರಿಗೆ ನಿಲ್ಲುತ್ತದೆ. ಎತ್ತಿದರೆ ಕಿರುಬೆರಳಿಗೆ ಭಾರವಿಲ್ಲ. ಮೊದಲ ಸಲ ನೋಡಿದಾಗ ನಾನು ಮುಟ್ಟಲು ಹೆದರಿದೆ. ಇದನ್ನು ಅವರಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಆದರೆ ಆ ಎದೆಕವಚಕ್ಕೆ ಅಳತೆ ಕೊಟ್ಟ ಎದೆ ನನ್ನದು. ‘ನಿನ್ದೂ ನನ್ದೂ ಒಂದೇ ಅಳ್ತ, ನಾನೇ ಸುತ್ಕಂಡ್ರ ಬರಿಯೋರ್ಯಾರು?’ ಎಂದು ಭಾವ ಭಾನುವಾರ ಮಧ್ಯಾಹ್ನ ಕರೆದರು. ಏಪ್ರಿಲ್ ತಿಂಗಳು, ಅಂಗಡಿಗೆ ಜಿಂಕ್ ಶೀಟಿನ ಚಾವಣಿ. ಬನಿಯನ್ನಿನ ಮೇಲೆ ಮೊದಲು ಅಡುಗೆಮನೆಯ ತೆಳು ಪ್ಲಾಸ್ಟಿಕ್ಕು, ಅದರ ಮೇಲೆ ಪಾರ್ಸಲಿಗೆ ಹಾಕುವ ಕಂದು ಟೇಪು, ಸೊಂಟದಿಂದ ಕತ್ತಿನ ತನಕ ಸುತ್ತುಗಟ್ಟಲೆ. ಇದರ ಮೇಲೆ ಗೆರೆ ಎಳೆದು, ಬೆನ್ನ ಹಿಂದೆ ಕತ್ತರಿಸಿ ತೆಗೆದರೆ ಮೈಯ ಅಚ್ಚು ಸಿದ್ಧ. ಜಗತ್ತಿನಲ್ಲಿ ಕವಚ ಕಟ್ಟುವವರೆಲ್ಲ ಮಾಡುವುದು ಹೀಗೇ ಅಂತೆ. ‘ಉಸ್ರು ಹಿಡ್ಕೊ’ ಎಂದರು, ಹಿಡಿದೆ. ಹಿಡಿದಾಗಲೇ ಸುತ್ತಿಬಿಟ್ಟರು. ಬಿಡಲು ಜಾಗವೇ ಉಳಿಯಲಿಲ್ಲ. ಕೈಗಳು ‘ರಾಜಗಾಂಭೀರ್ಯಕ್ಕೆ’ ಮೈಯಿಂದ ಒಂದು ಅಡಿ ದೂರ ನಿಂತಿದ್ದವು.

ಆಗ ಕರೆಂಟು ಹೋಯಿತು, ಫ್ಯಾನು ನಿಂತಿತು. ಕತ್ತರಿ ಹುಡುಕಿದರೆ ಕತ್ತರಿ ಇಲ್ಲ. ನನ್ನ ಸೋದರಳಿಯ ಗಾಳಿಪಟಕ್ಕೆಂದು ಒಯ್ದಿದ್ದ. ಭಾವ ‘ಅಳ್ಳಾಡ್ಬ್ಯಾಡ, ಗೆರೆ ತಪ್ಪೋಯ್ತದ’ ಎಂದು ಹೇಳಿ ಮಗನನ್ನು ಹುಡುಕಲು ಹೊರಟುಹೋದರು. ಅದೇ ಹೊತ್ತಿಗೆ ಸಂತೇಮರಹಳ್ಳಿಯಿಂದ ನಮ್ಮ ದೊಡ್ಡ ಸೋದರಮಾವ ಗೃಹಪ್ರವೇಶದ ಕಾಗದ ಹಿಡಿದುಕೊಂಡು ಒಳಗೆ ಬರಬೇಕೆ? ಬಿಸಿಲಿನಿಂದ ಒಳಗೆ ಬಂದ ಕಣ್ಣಿಗೆ, ವಿಳಾಸ ಬರೆಯಲು ಮರೆತ ಕೊರಿಯರ್ ಪಾರ್ಸಲಿನ ಹಾಗೆ ಮೂಲೆಯಲ್ಲಿ ನಿಂತಿದ್ದ ನಾನು ಕಂಡೆ. ಮಾವ ಬಹಳ ಹೊತ್ತು ನೋಡಿದರು. ಕೊನೆಗೆ ಮೆಲ್ಲಗೆ, ‘ಯಾವಾಗ ಬಿದ್ದ್ಯಪ್ಪ? ಪಕ್ಕೆಲುಬಾ?’ ಎಂದರು. ಉಸಿರಿಲ್ಲದ್ದರಿಂದ ನನಗೆ ಉತ್ತರ ಕೊಡಲಾಗಲಿಲ್ಲ. ಅವರು ಕಣ್ಣೊರೆಸಿಕೊಂಡು, ಕಾಗದವನ್ನು ಟೇಪಿನ ಸಂದಿಗೆ ಸಿಕ್ಕಿಸಿ, ‘ಆದ್ರ ಬಾ, ಇಲ್ದಿದ್ರ ರೆಸ್ಟ್ ಮಾಡು’ ಎಂದು ಹೋದರು. ಸಂಜೆಯೊಳಗೆ ನಾಲ್ಕೂರಿನ ನೆಂಟರು ಕಿತ್ತಳೆ ಹಣ್ಣು ತಂದರು. ಅಕ್ಕ ಅವರಿಗೆಲ್ಲ ಕಾಫಿ ಕೊಟ್ಟಳು, ಸತ್ಯ ಮಾತ್ರ ಹೇಳಲಿಲ್ಲ. ಹಣ್ಣನ್ನು ಭಾವನೇ ತಿಂದರು.

ಈ ಹುಚ್ಚು ಕುದೇರಿನದೊಂದೇ ಅಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಬಬ್ರುವಾಹನ ಬಂದ 1977ರಲ್ಲೇ ಅಮೆರಿಕದಲ್ಲಿ ‘ಸ್ಟಾರ್ ವಾರ್ಸ್’ ಬಂತು. ಅದರ ಬಿಳಿ ಕವಚದ ಸೈನಿಕರ ವೇಷವನ್ನು ತೆರೆಯ ಮೇಲಿದ್ದಂತೆಯೇ ಕಟ್ಟಿಕೊಳ್ಳುವವರ ಒಂದು ಸಂಘ 1997ರಿಂದ ಇದೆ, ಹೆಸರು 501ನೇ ಲೀಜನ್. ವೇಷ ನಿಯಮದ ಪ್ರಕಾರ ಇಲ್ಲದಿದ್ದರೆ ಸದಸ್ಯತ್ವವಿಲ್ಲ. ಆ ಸಿನಿಮಾದಲ್ಲಿ ಒಬ್ಬ ಸೈನಿಕ ಒಳಗೆ ಬರುವಾಗ ತಲೆಯನ್ನು ಬಾಗಿಲಿಗೆ ಬಡಿಸಿಕೊಳ್ಳುತ್ತಾನೆ. ಟೋಪಿಯೊಳಗಿಂದ ಸರಿಯಾಗಿ ಕಣ್ಣು ಕಾಣದ ಆ ಎಡವಟ್ಟೇ ಈಗ ಜಗತ್ಪ್ರಸಿದ್ಧ. ಆ ಟೋಪಿಯ ನಕಲಿನ ಜಗಳ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2011ರಲ್ಲಿ ಅದು ಶಿಲ್ಪವಲ್ಲ, ಸಿನಿಮಾಕ್ಕೆ ಬೇಕಾದ ಒಂದು ಸಾಮಾನು ಅಷ್ಟೇ ಎಂದು ತೀರ್ಪಾಯಿತು. ಭಾವನ ಸೊಕ್ಕು ಇಳಿಯಲಿ ಅಂತ ಇದನ್ನು ಓದಿ ಹೇಳಿದೆ. ಅವರು ಗದೆಯ ಬುಡಕ್ಕೆ ಎಂಸೀಲ್ ಮೆತ್ತುತ್ತಾ, ‘ಅವ್ರು ಪ್ಲಾಸ್ಟಿಕ್ ಬಿಸಿ ಮಾಡಿ ಅಚ್ಚಿಗ ಎಳ್ದವ್ರ. ಜಡ್ಜು ಸರಿಯಾಗೇ ಹೇಳವ್ರ. ನನ್ದು ಕೈಕೆಲ್ಸ ಕನಾ’ ಎಂದರು.

ಭಾವನಿಗೆ ನಾನು ಹೇಳಬೇಕಿದ್ದ ಮಾತು ಬೇರೆ. ಅವರು ತೆರೆಯಿಂದ ನಕಲು ಮಾಡುತ್ತಿರುವ ಕಿರೀಟ ತೆರೆಗೆ ಬಂದದ್ದು ಎಲ್ಲಿಂದ? ರಾಜ್‌ಕುಮಾರ್ ಹುಟ್ಟಿದ ಗಾಜನೂರು ಗಡಿಯಾಚೆ ತಾಳವಾಡಿಯ ಪಕ್ಕದಲ್ಲಿದೆ. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರಾವಣ, ಹಿರಣ್ಯಕಶಿಪು ಪಾತ್ರಗಳಿಗೆ ಹೆಸರಾಗಿದ್ದ ರಂಗನಟರು. ಮಗನೂ 1954ರ ‘ಬೇಡರ ಕಣ್ಣಪ್ಪ’ಕ್ಕೆ ಮುಂಚೆ ನಾಟಕ ಕಂಪನಿಗಳಲ್ಲೇ ಬೆಳೆದವರು. 1934ರಲ್ಲಿ ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಕಂಪನಿಯ ಟ್ರಂಕಿನಿಂದ ಹೊರಟ ವೇಷ ಸಿನಿಮಾಕ್ಕೆ ಹೋಯಿತು, ಸಿನಿಮಾದಿಂದ ಮೊಬೈಲಿಗೆ, ಮೊಬೈಲಿನಿಂದ ಮೋಟರು ಅಂಗಡಿಗೆ. ಸಿನಿಮಾ ಕಿರೀಟವಾದರೂ ಯಾವ ಬಂಗಾರದ್ದು? ಅಸಲು ಅಂತ ಅವರು ಸ್ಕೇಲು ಹಿಡಿದು ಅಳೆಯುತ್ತಿದ್ದುದೂ ಒಂದು ನಕಲನ್ನೇ. ಸೀನ್ಸ್ ಅಂಗಡಿಯವರು ಬಾಡಿಗೆಗೆ ತರುವ ಟ್ರಂಕಿನಲ್ಲಿ ಚಮಕಿ ಉದುರಿದ, ಹತ್ತಾರು ದುರ್ಯೋಧನರ ಬೆವರು ಕುಡಿದ ವೆಲ್ವೆಟ್ಟಿದೆ. ಆ ಕಂಪನಿ ವೇಷದ ಮನೆತನಕ್ಕೆ ಅದೇ ಹತ್ತಿರದ ನೆಂಟ. ಭಾವ ಅದನ್ನು ಕಂಡರೆ ಮೂಗು ಮುಚ್ಚಿಕೊಳ್ಳುತ್ತಾರೆ.

ಊರಬ್ಬದ ರಾತ್ರಿ ಬಂತು. ಶಾಮಿಯಾನ, ಫ್ಲೆಕ್ಸು, ಕಡಲೆಕಾಯಿ. ಭಾವ ರಂಗಕ್ಕೆ ಕಾಲಿಟ್ಟಾಗ ಹೆಂಗಸರ ಕಡೆಯಿಂದ ‘ಅಯ್ಯೋ’ ಎಂಬ ಉದ್ಗಾರ ಬಂತು. ಅಷ್ಟು ಚೆನ್ನಾಗಿತ್ತು. ದೀಪದ ಬೆಳಕಿಗೆ ಎದೆಯ ಬಳ್ಳಿಗಳು ಒಂದೊಂದೂ ಎದ್ದು ನಿಂತವು. ಸಿಂಹಾಸನದ ಮೇಲೆ ಕೂರಲಾಗದೆ ತುದಿಗೆ ಒರಗಿ ನಿಂತರು, ಅದನ್ನು ಜನ ಗತ್ತು ಎಂದುಕೊಂಡರು. ಗದೆ ಎತ್ತಿದರೆ ಭುಜಕೀರ್ತಿ ಕೆನ್ನೆಗೆ ಹೊಡೆಯುತ್ತಿತ್ತು, ಅದನ್ನು ಕೋಪ ಎಂದುಕೊಂಡರು. ತೊಂದರೆ ಆದದ್ದು ಸಂಧಾನದ ದೃಶ್ಯದಲ್ಲಿ, ಪದ ಮೇಲಿನ ಷಡ್ಜಕ್ಕೆ ಏರುವಾಗ. ಸಿನಿಮಾದಲ್ಲಿ ಕವಚ ತೊಟ್ಟವರು ಬಾಯಿ ಆಡಿಸಿದರೆ ಸಾಕು. ಹಾಡಿನ ಉಸಿರು ಎಂದೋ ಸ್ಟುಡಿಯೋದಲ್ಲಿ, ಅಂಗಿ ಗುಂಡಿ ಬಿಚ್ಚಿ ಕುಳಿತು ತೆಗೆದುಕೊಂಡಿರುತ್ತಾರೆ. ಅರ್ಜುನನಿಗೆ ಹಾಡಿದ ಪಿ.ಬಿ. ಶ್ರೀನಿವಾಸ್ ಯಾವ ಎದೆಕವಚವನ್ನೂ ತೊಟ್ಟಿರಲಿಲ್ಲ. ಬಾಡಿಗೆ ವೆಲ್ವೆಟ್ಟು ಎದೆಯ ಮೇಲೆ ಸಡಿಲವಾಗಿ ಜೋತಾಡುವುದು ಯಾಕೆ ಎಂದು ನನಗೆ ಹೊಳೆದದ್ದು ಆ ಗಳಿಗೆಯಲ್ಲಿ. ಆಲಾಪನೆಗೆ ಪಕ್ಕೆ ಹಿಗ್ಗಬೇಕು. ಈ ಕವಚದ ಅಳತೆ ತೆಗೆದದ್ದು ನಾನು ಉಸಿರು ಹಿಡಿದಿದ್ದಾಗ.

ಎಡಗಡೆಯ ಅಂಟು ‘ಟಪ್’ ಎಂದಿತು. ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಮುಂದಿನ ಸಾಲಿನ ಹಿರಿಯರೊಬ್ಬರು, ರೋಷಕ್ಕೆ ಕವಚವೇ ಒಡೆಯಿತು ಎಂದುಕೊಂಡು ಎದ್ದು ನಿಂತು ‘ಒನ್ಸ್ ಮೋರ್’ ಎಂದು ಕೂಗಿದರು. ಊರಿಗೂರೇ ಕೂಗಿತು. ಭಾವ ಮತ್ತೆ ಹಾಡಬೇಕಾಯಿತು, ಬಲಗಡೆಯದೂ ಹೋಯಿತು. ಎದೆಕವಚ ಕತ್ತಿನಿಂದ ಜೋತು ಬಿತ್ತು. ಈಗ ಎದೆಗೆ ಯಾವ ಬಿಗಿಯೂ ಇಲ್ಲ. ಎರಡನೇ ಸಲ ಹಾಡಿದ ಆ ಪದದಲ್ಲಿ, ವರ್ಷಾನುಗಟ್ಟಲೆ ಪ್ರಾಕ್ಟೀಸಿನಲ್ಲಿ ಯಾರೂ ಕೇಳದಿದ್ದ ಒಂದು ದನಿ ಹೊರಗೆ ಬಂತು. ಮೇಷ್ಟ್ರು ಹಾರ್ಮೋನಿಯಂ ತಿದಿ ಒತ್ತುವುದನ್ನೇ ಒಂದು ಕ್ಷಣ ಮರೆತರು. ನನ್ನ ಪಕ್ಕ ಕುಳಿತಿದ್ದ ಅಕ್ಕ, ‘ನಮ್ಮನೇಲಿ ಇಂಥ ಗಂಟ್ಲು ಇತ್ತಾ’ ಎಂದಳು. ಸೀನ್ಸ್ ಅಂಗಡಿಯವರು ಸೈಡ್ ವಿಂಗಿನಲ್ಲಿ ನಿಂತು, ವೆಲ್ವೆಟ್ ಅಂಗಿ ಮಡಿಸಿ ತೋಳಿನ ಮೇಲೆ ಹಾಕಿಕೊಂಡು, ಏನೂ ಹೇಳದೆ ಕಾದರು. ಮುಂದಿನ ದೃಶ್ಯಕ್ಕೆ ಭಾವ ಅದನ್ನೇ ತೊಟ್ಟು ಬಂದರು. ಬೆಳಗಿನ ಜಾವದ ಗದಾಯುದ್ಧದ ತನಕ ಅದರಲ್ಲೇ ಹಾಡಿದರು.

ಆಮೇಲಾದರೂ ಬುದ್ಧಿ ಬಂತು ಅನ್ನುವಂತಿಲ್ಲ. ಒಡೆದ ಕವಚದ ಎರಡೂ ಪಕ್ಕೆ ಕೊಯ್ದು, ಲಂಗಕ್ಕೆ ಹಾಕುವ ಎಲಾಸ್ಟಿಕ್ ಹೊಲಿಸಿ, ಕೊಕ್ಕೆ ಕೂರಿಸಿದ್ದಾರೆ. ತೊಟ್ಟು ಕನ್ನಡಿಯೆದುರು ದಮ್ಮು ಕಟ್ಟಿ ಬಿಡುತ್ತಾರೆ, ಕವಚ ಎದೆಯ ಜೊತೆಗೇ ಏರಿ ಇಳಿಯುತ್ತದೆ. ಅಕ್ಕಪಕ್ಕದ ಊರಿನವರು ಈಗ ಅದೇ ಬೇಕು ಎಂದು ಅಂಗಡಿಗೆ ಬರುತ್ತಿದ್ದಾರೆ; ಮೋಟರುಗಳ ಸಾಲು ಬೀದಿಗೆ ಬಂದಿದೆ. ಮೊನ್ನೆ ಟೀವಿಯಲ್ಲಿ ಬಬ್ರುವಾಹನ ಬಂತು. ಭಾವ ಸ್ಕೇಲು ಹಿಡಿಯಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಅಪ್ಪ ಮಗ ಎದುರುಬದುರಾಗಿ ದನಿಯೇರಿಸಿದಾಗ ಮುಖ ಸಿಂಡರಿಸಿ ನನ್ನ ಕಡೆ ತಿರುಗಿದರು. ‘ಪಕ್ಕೆಲಿ ಕೊಕ್ಕೇನೇ ಇಲ್ಲ. ಉಸ್ರು ಹೆಂಗ ಬುಟ್ಟಾರು? ತಪ್ಪು ಮಾಡವ್ರ ಕನಾ’ ಎಂದರು. ಅಕ್ಕ ರಿಮೋಟು ಕಿತ್ತುಕೊಂಡು ಧಾರಾವಾಹಿ ಹಾಕಿದಳು. ಅದರಲ್ಲಿ ಅತ್ತೆಯ ಮೂಗುತಿ ಹೋದ ವಾರ ಬಲಕ್ಕಿತ್ತು, ಈಗ ಎಡಕ್ಕಿದೆ ಎಂದು ಭಾವ ಶುರು ಮಾಡಿದರು.