ಲಂಘನ ಮೀಮಾಂಸೆ: ಪ್ರಾಕಾರೋಲ್ಲಂಘನ ಶಾಸ್ತ್ರಕ್ಕೆ ಒಂದು ಪ್ರವೇಶಿಕೆ

ಉಪೋದ್ಘಾತ

ಗೋಡೆಯೆಂಬುದು ಮನುಷ್ಯನನ್ನು ತಡೆಯುವುದಕ್ಕಾಗಿ ನಿರ್ಮಿತವಾದದ್ದೆಂದು ಕೆಲವರೂ, ಅದಕ್ಕೆ ಒರಗಿಕೊಂಡು ಮಾತನಾಡುವುದಕ್ಕಾಗಿ ನಿರ್ಮಿತವಾದದ್ದೆಂದು ಇನ್ನು ಕೆಲವರೂ ಬಹುಕಾಲದಿಂದ ವಾದಿಸುತ್ತ ಬಂದಿರುವಾಗ, ಅದು ಇರುವುದೇ ದಾಟುವುದಕ್ಕೆಂದು ಸಾರುವ ಮೂರನೆಯ ದರ್ಶನವೊಂದು ಫ್ರಾನ್ಸ್ ದೇಶದಲ್ಲಿ ಹುಟ್ಟಿ, ಸಮುದ್ರಗಳನ್ನು ಲಂಘಿಸಿ, ಕಡೆಗೆ ನಮ್ಮ ಮನೆಯ ಹಿತ್ತಿಲಿಗೂ ಬಂದಿಳಿದಿದೆ. ಇದಕ್ಕೆ ಪಾರ್ಕೂರ್ ಎಂದು ಹೆಸರು. ಗೋಡೆ, ಕಟಕಟೆ, ಮೆಟ್ಟಿಲು, ಮೋರಿಯ ಕಟ್ಟೆ ಮೊದಲಾದ ಅಡ್ಡಿಗಳನ್ನು ಯಾವ ಉಪಕರಣದ ನೆರವೂ ಇಲ್ಲದೆ, ಓಡಿ, ನೆಗೆದು, ಹತ್ತಿ, ಉರುಳಿ ದಾಟುತ್ತ ಮುಂದೆ ಸಾಗುವುದು ಇದರ ಲಕ್ಷಣ.

ಶಬ್ದನಿಷ್ಪತ್ತಿಯನ್ನು ಕುರಿತು ಭಿನ್ನಮತಗಳಿವೆ. ಮಾರ್ಗವೆಂಬರ್ಥದ ಫ್ರೆಂಚ್ ಶಬ್ದವೊಂದರ ಕೊನೆಯಲ್ಲಿರುವ ಮೂಕ ಸಕಾರವನ್ನು ಕಿತ್ತೊಗೆದು, ನಡುವಣ ಅಕ್ಷರದ ಸ್ಥಾನದಲ್ಲಿ ಗಡುಸಾದ ಇನ್ನೊಂದನ್ನು ನಿಲ್ಲಿಸಿದರೆ ಈ ಹೆಸರು ಸಿದ್ಧಿಸುತ್ತದೆಂಬುದು ಚರಿತ್ರಕಾರರ ಮತ. ಎರಡನ್ನೂ ಕನ್ನಡದಲ್ಲಿ ಬರೆದರೆ ಒಂದೇ ಆಗುವುದರಿಂದ ಆ ಮಹಾಸುಧಾರಣೆಯು ನಮ್ಮ ಲಿಪಿಯ ಹೊಸ್ತಿಲಲ್ಲಿಯೇ ನಿಂತುಹೋಯಿತು. ಪ್ರಕೃತ ಲೇಖಕನ ಮತವಾದರೋ ಬೇರೆ. ಹಳಗನ್ನಡದ ‘ಪಾಱು’ ಎಂಬ ಧಾತುವೇ, ಪಕಾರಕ್ಕೆ ಹಕಾರವು ಬಂದು, ಇಂದಿನ ‘ಹಾರು’ ಆಗಿರುವುದು ಪಾಠಶಾಲೆಯ ಮಕ್ಕಳಿಗೂ ಗೊತ್ತು. ‘ಕೂರು’ ಎಂಬುದರ ಅರ್ಥ ನನ್ನ ವಯಸ್ಸಿನವರಿಗೆ ಅದಕ್ಕಿಂತಲೂ ಚೆನ್ನಾಗಿ ಗೊತ್ತು. ಆದುದರಿಂದ ಹಾರು, ಕೂಡಲೇ ಕೂರು ಎಂಬ ವಿಧಿದ್ವಯವೇ ಪಾರ್ಕೂರ್. ಧಾತುವಿನಲ್ಲಿರುವುದು ಶಕಟರೇಫ, ಹೆಸರಿನಲ್ಲಿರುವುದು ಸಾದಾ ರೇಫ. ಇವೆರಡಕ್ಕೆ ಅಭೇದವೆಂತು ಎಂದು ವೈಯಾಕರಣರು ಆಕ್ಷೇಪಿಸಬಹುದು. ಶಕಟವೆಂದರೆ ಬಂಡಿ, ಬಂಡಿಯನ್ನು ಬಿಟ್ಟು ಕಾಲನ್ನು ನೆಚ್ಚುವುದೇ ಈ ಶಾಸ್ತ್ರದ ಸಾರವಾಗಿರುವಾಗ ಶಕಟವು ಲೋಪವಾದದ್ದು ದೋಷವಲ್ಲ, ಭೂಷಣ.

ಇನ್ನು ಲಂಘನ ಶಬ್ದಕ್ಕೆ ನೆಗೆತವೆಂದೂ ಉಪವಾಸವೆಂದೂ ಎರಡರ್ಥಗಳುಂಟು. ಲಂಘನವೇ ಪರಮೌಷಧವೆಂದು ಹೇಳಿದ ಹಿಂದಿನ ವೈದ್ಯರು ಇವೆರಡರಲ್ಲಿ ಯಾವುದು ತಮಗೆ ವಿವಕ್ಷಿತವೆಂಬುದನ್ನು ಬಿಡಿಸಿ ಹೇಳದೆ ಹೋದದ್ದರಿಂದ ಲೋಕದಲ್ಲಿ ಅನೇಕರು ಎರಡನ್ನೂ ಬಿಟ್ಟು ಸುಖವಾಗಿದ್ದಾರೆ. ಈ ಸಂಶಯದ ಪರಿಹಾರವು ಸಾಧನ ಪ್ರಕರಣದಲ್ಲಿ ಬರುತ್ತದೆ.

ಪರಂಪರಾ ಪ್ರಕರಣ

ಈ ದರ್ಶನದ ಆದ್ಯಾಚಾರ್ಯನು ಜಾರ್ಜ್ ಎಬೇರ್ (೧೮೭೫–೧೯೫೭) ಎಂಬ ಫ್ರೆಂಚ್ ನೌಕಾಧಿಕಾರಿ. ೧೯೦೨ರಲ್ಲಿ ಮಾರ್ಟಿನಿಕ್ ದ್ವೀಪದ ಪೆಲೆ ಪರ್ವತವು ಬೆಂಕಿಯನ್ನು ಕಾರಿ ಸೇಂಟ್ ಪಿಯೆರ್ ಪಟ್ಟಣವನ್ನು ಭಸ್ಮಮಾಡಿದಾಗ ಜನರನ್ನು ಪಾರುಗಾಣಿಸುವ ಕಾರ್ಯದಲ್ಲಿ ತೊಡಗಿದ್ದ ಈತನು, ಬಲಿಷ್ಠನಾಗುವುದು ಉಪಯುಕ್ತನಾಗುವುದಕ್ಕಾಗಿಯೇ ಎಂಬುದನ್ನು ತನ್ನ ಮತದ ಮಹಾವಾಕ್ಯವನ್ನಾಗಿ ಮಾಡಿಕೊಂಡನು. ನಡೆಯುವುದು, ಓಡುವುದು, ನಾಲ್ಕು ಕಾಲಿನಲ್ಲಿ ಸಾಗುವುದು, ನೆಗೆಯುವುದು, ಹತ್ತುವುದು, ತೂಕತಪ್ಪದೆ ನಿಲ್ಲುವುದು, ಎತ್ತುವುದು, ಎಸೆಯುವುದು, ತನ್ನನ್ನು ಕಾಪಾಡಿಕೊಳ್ಳುವುದು, ಈಜುವುದು ಎಂದು ಮನುಷ್ಯನ ಸಹಜ ಚಲನೆಗಳನ್ನು ಆತನು ಹತ್ತು ಬಗೆಯಾಗಿ ವಿಂಗಡಿಸಿದ್ದಾನೆ. ಈ ಹತ್ತರಲ್ಲಿ ಕೂರುವುದು ಎಲ್ಲಿಯೂ ಕಾಣದಿರುವುದು ಮೇಲ್ಕಂಡ ನನ್ನ ವ್ಯುತ್ಪತ್ತಿಗೆ ಬಾಧಕವೆಂದು ತೋರಬಹುದು; ಆದರೆ ಪ್ರಮಾಣವು ದೊರೆಯಲಿಲ್ಲವೆಂಬ ಅಲ್ಪ ಕಾರಣಕ್ಕಾಗಿ ಸಿದ್ಧಾಂತವನ್ನು ಬಿಟ್ಟುಕೊಡುವುದು ವಿದ್ವಾಂಸರ ಸಂಪ್ರದಾಯವಲ್ಲ.

ಎಬೇರನ ಪದ್ಧತಿಯು ಫ್ರೆಂಚ್ ಸೈನ್ಯದ ಅಡ್ಡಿಯೋಟದ ಅಂಗಳಗಳ ಮೂಲಕ ಹರಿದು, ವಿಯೆಟ್ನಾಮಿನಲ್ಲಿ ಬಾಲ್ಯವನ್ನು ಕಳೆದು ಮುಂದೆ ಪ್ಯಾರಿಸಿನ ಅಗ್ನಿಶಾಮಕ ದಳವನ್ನು ಸೇರಿದ ರೇಮೊ ಬೆಲ್ ಎಂಬಾತನನ್ನು ಮುಟ್ಟಿತು. ಆತನಿಂದ ಅದು, ೧೯೭೩ರಲ್ಲಿ ಜನಿಸಿದ ಮಗ ಡೇವಿಡ್ ಬೆಲ್ಲನಿಗೆ ಇಳಿಯಿತು. ಪ್ಯಾರಿಸಿಗೆ ದಕ್ಷಿಣದ ಲೀಸ್ ಎಂಬ ಊರಿನ ಗೋಡೆಗಳ ಮೇಲೆ ಇವನೂ ಇವನ ಗೆಳೆಯರೂ ಮಾಡಿದ ತಪಸ್ಸೇ ಪಾರ್ಕೂರ್. ಆ ಗೆಳೆಯರ ಗುಂಪು ಕಾಂಗೋ ದೇಶದ ಲಿಂಗಾಲ ಭಾಷೆಯಿಂದ ಯಮಕಾಸಿ ಎಂಬ ಹೆಸರನ್ನು ಆಯ್ದುಕೊಂಡಿತು. ಇದರಲ್ಲಿ ನಮ್ಮ ಯಮನಾಗಲಿ ಕಾಶಿಯಾಗಲಿ ಇಲ್ಲವೆಂದು ಹೇಳಿದರೂ ನಮ್ಮ ತಾಯಿಯವರು ನಂಬಲಿಲ್ಲ. ಬ್ರಿಟನ್ ದೇಶವು ೨೦೧೭ರಲ್ಲಿ ಇದನ್ನು ಕ್ರೀಡೆಯೆಂದು ಅಂಗೀಕರಿಸಿತು. ಇದನ್ನು ಅಭ್ಯಾಸಮಾಡುವವನಿಗೆ ಫ್ರೆಂಚಿನಲ್ಲಿ ತ್ರಾಸರ್ ಎಂದು ಸಂಜ್ಞೆ. ತ್ರಾಸಪಡತಕ್ಕವನು ತ್ರಾಸರ್ ಎಂಬ ನಿರುಕ್ತಿಗೆ ವ್ಯಾಖ್ಯಾನವು ಅನಾವಶ್ಯಕ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ನಮ್ಮ ನೆರೆಮನೆಯ ನಿವೃತ್ತ ಸಂಸ್ಕೃತದ ಮೇಷ್ಟರು, ಇದೆಲ್ಲವೂ ಆಂಜನೇಯನಿಂದ ಕದ್ದದ್ದೆಂದು ಗೋಡೆಗೆ ಒರಗಿಕೊಂಡೇ ಸಾಧಿಸಿದರು. ಇದು ಸಾಧುವಲ್ಲ. ಆಂಜನೇಯನು ಕಡಲನ್ನು ದಾಟಿದ್ದು ನಿಜವಾದರೂ ಅದಕ್ಕಾಗಿ ಮೂರು ತಿಂಗಳು ಬಸ್ಕಿ ಹೊಡೆದನೆಂದು ಎಲ್ಲಿಯೂ ಹೇಳಿಲ್ಲ. ಮೇಲಾಗಿ ಆತನಿಗೆ ಮರೆತುಹೋಗಿದ್ದ ಶಕ್ತಿಯನ್ನು ಜ್ಞಾಪಿಸಲು ಜಾಂಬವಂತನಿದ್ದನು. ನನಗೆ ಮರೆತುಹೋಗಿದ್ದ ವಯಸ್ಸನ್ನು ಜ್ಞಾಪಿಸಲು ಮನೆಮಂದಿಯೆಲ್ಲ ಇದ್ದಾರೆ. ನಮ್ಮ ನಾಡಿನಲ್ಲಿ ಈ ವಿದ್ಯೆಯ ಬೀಜವನ್ನು ಹುಡುಕಲೇಬೇಕಾದರೆ ಮರಕೋತಿಯಾಟದಲ್ಲಿ, ಕುಂಟಾಬಿಲ್ಲೆಯಲ್ಲಿ, ಗರಡಿಮನೆಯ ಮಟ್ಟಿಯಲ್ಲಿ ಹುಡುಕತಕ್ಕದ್ದು.

ಅಧಿಕಾರಿ ನಿರ್ಣಯ

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಎರಡು ಕಾಲುಳ್ಳವನೂ, ಅವುಗಳ ವಿಷಯದಲ್ಲಿ ಅತಿಯಾದ ಅಭಿಮಾನವಿಲ್ಲದವನೂ, ನಗುವ ನೆರೆಹೊರೆಯವರ ನಡುವೆ ನಗದೆ ನಿಲ್ಲಬಲ್ಲವನೂ ಅಧಿಕಾರಿ. ನಲವತ್ತಮೂರು ವರ್ಷ ವಯಸ್ಸಿನ ಪ್ರಕೃತ ಲೇಖಕನಿಗೆ ಗುರುವಾಗಿ ದೊರೆತವನು ಹದಿನೇಳರ ಹರೆಯದ ಅವನ ತಂಗಿಯ ಮಗ. ಆಲದ ಮರದಡಿಯ ದಕ್ಷಿಣಾಮೂರ್ತಿಯ ಸನ್ನಿಧಿಯಲ್ಲಿಯೂ ಗುರುವು ತರುಣ, ಶಿಷ್ಯರು ವೃದ್ಧರು. ಗುರುವಿನ ಮೌನದಿಂದಲೇ ಅಲ್ಲಿ ಸಂಶಯಗಳು ಹರಿಯುತ್ತವೆ. ನಮ್ಮ ಹಿತ್ತಿಲಿನಲ್ಲಿ ಭೇದವಿಷ್ಟೆ: ಇಲ್ಲಿ ಮೌನವಾಗಿರಬೇಕಾದದ್ದು ಶಿಷ್ಯನ ಪಾದಗಳು.

ಸಾಧನ ಪ್ರಕರಣ

ಮೊದಲ ದಿನವೇ ಗೋಡೆಯನ್ನು ತೋರಿಸೆಂದು ನಾನು ಕೇಳಿದೆ. “ಗೋಡೆ ಎಲ್ಲಿಗೂ ಹೋಗಲ್ಲ ಮಾವ, ಮೊದಲು ಕೂತು ಏಳಿ” ಎಂದು ಗುರುವು ಉಪದೇಶಿಸಿದನು. ಹೀಗೆ ಬಸ್ಕಿಯಿಂದ ಸಾಧನೆಯು ಆರಂಭವಾಯಿತು. ಬಾಲ್ಯದಲ್ಲಿ ಮಗ್ಗಿ ತಪ್ಪಿದ್ದಕ್ಕೆ ದಂಡನೆಯಾಗಿ ದೊರೆಯುತ್ತಿದ್ದ ಬಸ್ಕಿಯು ಪ್ರೌಢವಯಸ್ಸಿನಲ್ಲಿ ಸ್ವೇಚ್ಛೆಯಿಂದ ಕೈಗೊಳ್ಳತಕ್ಕ ವ್ರತವಾಗಿ ಮಾರ್ಪಡುವುದು ಕಾಲಮಹಿಮೆ. ಅನಂತರ ದಂಡೆ: ಮೊದಲು ಗೋಡೆಗೆ ಕೈಕೊಟ್ಟು, ತರುವಾಯ ಜಗಲಿಯ ಅಂಚಿಗೆ ಕೈಕೊಟ್ಟು, ಕಡೆಗೆ ನೆಲದ ಮೇಲೆ. ಕೈ ಊರುವ ಎತ್ತರವು ತಗ್ಗಿದಷ್ಟೂ ತೋಳಿನ ಮೇಲೆ ಬೀಳುವ ಭಾರವು ಹೆಚ್ಚುವುದೆಂಬ ಸೂಕ್ಷ್ಮವನ್ನು ಮೂರು ವಾರಗಳಲ್ಲಿ ತೋಳುಗಳೇ ನನಗೆ ಬೋಧಿಸಿದವು.

ಮೂರನೆಯದು ಜೋತುಬೀಳುವಿಕೆ. ಗೋಡೆಯ ಅಂಚನ್ನು ಹಿಡಿದು ನೇತಾಡಬಲ್ಲವನಿಗೆ ಮಾತ್ರ ಅದನ್ನು ಏರುವ ಅಧಿಕಾರವುಂಟಾದ್ದರಿಂದ ಸೀಬೆಮರದ ಕೊಂಬೆಗೆ ಹತ್ತೆಣಿಸುವವರೆಗೆ ಜೋತುಬೀಳಬೇಕೆಂದು ವಿಧಿಯಾಯಿತು. ತನ್ನನ್ನು ಮೇಲಕ್ಕೆಳೆದುಕೊಳ್ಳಲಾರದವನು ಮಣೆಯ ಮೇಲೆ ನಿಂತು ಗಲ್ಲವನ್ನು ಕೊಂಬೆಯ ಮೇಲಕ್ಕೆ ತಂದುಕೊಂಡು, ಆಮೇಲೆ ಕಾಲನ್ನು ಬಿಟ್ಟು, ಸಾಧ್ಯವಾದಷ್ಟು ನಿಧಾನವಾಗಿ ಇಳಿಯತಕ್ಕದ್ದು. ಇಳಿಯುವುದನ್ನು ಕಲಿತ ತೋಳಿಗೆ ಏರುವುದು ತಾನಾಗಿಯೇ ಬರುತ್ತದೆ. ಉಪೋದ್ಘಾತದ ಸಂಶಯವು ಪರಿಹಾರವಾದದ್ದು ಇಲ್ಲಿಯೇ. ಕೊಂಬೆಗೆ ಜೋತುಬಿದ್ದವನ ತೋಳಿಗೆ ಹಿಂದಿನ ಯುಗಾದಿಯ ಹೋಳಿಗೆಗಳ ಸಂಖ್ಯೆಯು ಒಂದೂ ತಪ್ಪದಂತೆ ತಿಳಿದುಬರುತ್ತದೆ. ಆದುದರಿಂದ ಎರಡು ಲಂಘನಗಳೂ ಒಂದಕ್ಕೊಂದು ಅಂಗವೆಂಬುದೇ ಸಿದ್ಧಾಂತ. ಆದರೆ ಹೊಟ್ಟೆಗಿಲ್ಲದೆ ಬಸ್ಕಿ ಹೊಡೆದವನು ತಲೆಸುತ್ತಿ ಬೀಳುವನೆಂದೂ, ಹೋಳಿಗೆಯನ್ನು ಬಿಟ್ಟರೆ ಸಾಕು, ಬೆಳಗಿನ ರೊಟ್ಟಿಯನ್ನು ಬಿಡತಕ್ಕದ್ದಲ್ಲವೆಂದೂ ಗೃಹಿಣೀಮತ. ಇದು ಎಲ್ಲ ಮತಗಳಿಗಿಂತಲೂ ಪ್ರಬಲವಾದದ್ದು.

ನಾಲ್ಕನೆಯದು ಅಂಬೆಗಾಲು, ಆದರೆ ಮೊಣಕಾಲು ನೆಲಕ್ಕೆ ತಾಗಕೂಡದು, ಅಂಗೈ ಮತ್ತು ಕಾಲ್ಬೆರಳುಗಳ ಮೇಲೆ ಮಾತ್ರ ಸಾಗತಕ್ಕದ್ದು. ಮಣಿಕಟ್ಟು, ಭುಜ, ನಡು ಈ ಮೂರನ್ನೂ ಒಮ್ಮೆಗೇ ಗಟ್ಟಿಮಾಡುವ ಇಂಥ ಸಾಧನ ಇನ್ನೊಂದಿಲ್ಲ. ಹಾಲು ತರುವವನು ಈ ಸ್ಥಿತಿಯಲ್ಲಿ ನನ್ನನ್ನು ಕಂಡು, ಕಳೆದುಹೋದ ವಸ್ತು ಯಾವುದೆಂದು ವಿಚಾರಿಸಿ, ತಾನೂ ಬಗ್ಗಿ ಸ್ವಲ್ಪ ಹೊತ್ತು ಹುಡುಕಿದನು.

ಅವಸರವು ಈ ಮಾರ್ಗದ ಮಹಾಶತ್ರು. ಮಾಂಸಖಂಡವು ಹೊಸ ಅಳಿಯನಂತೆ ಕೆಲವೇ ವಾರಗಳಲ್ಲಿ ಉಬ್ಬಿ ನಿಲ್ಲುತ್ತದೆ. ಅದನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುವಾದರೋ, ರಕ್ತಸಂಚಾರವು ಅಲ್ಪವಾದ್ದರಿಂದ, ಹಳೆಯ ಮಾವನಂತೆ ತಿಂಗಳುಗಟ್ಟಲೆ ಯೋಚಿಸಿದ ಮೇಲೆಯೇ ಒಪ್ಪುವುದು. ಅಳಿಯನ ಉತ್ಸಾಹವನ್ನು ನಂಬಿ ಮಾವನನ್ನು ಕೇಳದೆ ನೆಗೆದವರ ಮೊಣಕಾಲುಗಳಿಗೆ ಉಳಿಯುವುದು ಪಟ್ಟಿ ಮಾತ್ರ.

ಪತನ ಪ್ರಕರಣ

ನೆಗೆತದ ಶಾಸ್ತ್ರವೆಂದು ಕಲಿಯಹೊರಟದ್ದು ನಿಜವಾಗಿ ಬೀಳುವ ಶಾಸ್ತ್ರವೆಂಬುದು ಈ ಪ್ರಕರಣದ ಪ್ರತಿಪಾದ್ಯ. ನೆಗೆದವರೆಲ್ಲರೂ ಇಳಿಯಲೇಬೇಕು, ಭೂಮಿಯು ಈ ನಿಯಮದಲ್ಲಿ ಯಾರಿಗೂ ರಿಯಾಯಿತಿಯನ್ನು ತೋರಿಸಿಲ್ಲ. ಇಳಿಯುವಾಗ ಪಾದದ ಮುಂಭಾಗವು ಮೊದಲು ತಾಗಬೇಕು, ಹಿಮ್ಮಡಿಯು ಬಡಿಯಕೂಡದು, ಮೊಣಕಾಲುಗಳು ಒಳಕ್ಕೆ ವಾಲದೆ ಪಾದದ ದಿಕ್ಕಿಗೇ ಬಾಗಬೇಕು. ಕಟ್ಟಡದ ಕೆಲಸದಲ್ಲಿ ಕೆಳಗಿನವನು ಎಸೆದ ಇಟ್ಟಿಗೆಯನ್ನು ಮೇಲಿನವನು ಕೈಯನ್ನು ಹಿಂದಕ್ಕೆ ಬಿಟ್ಟುಕೊಡುತ್ತ ಹಿಡಿಯುವುದನ್ನು ನೋಡಿದವರಿಗೆ ಇದರ ಮರ್ಮವು ತಿಳಿದೀತು: ಪೆಟ್ಟು ತಾಗುವ ಕಾಲವು ಹಿಗ್ಗಿದಷ್ಟೂ ಪೆಟ್ಟಿನ ಬಲವು ಕುಗ್ಗುತ್ತದೆ. ಇಳಿತವು ಸರಿಯಾಯಿತೆಂಬುದಕ್ಕೆ ನಿಶ್ಶಬ್ದವೇ ಪ್ರಮಾಣ. ಜಗಲಿಯ ಕೆಳಮೆಟ್ಟಿಲಿನಿಂದ ನಾನು ಇಳಿದಾಗಲೆಲ್ಲ ಗುರುವು ಬೆನ್ನು ತಿರುಗಿಸಿ ನಿಂತು, “ಸದ್ದಾಯ್ತು ಮಾವ” ಎನ್ನುತ್ತಿದ್ದನು. ಪಾದದ ಸದ್ದು ಅಡಗಿದ ಮೇಲೂ ಅದೇ ತೀರ್ಪು ಬಂದದ್ದರಿಂದ ನಾನು ಪ್ರತಿಭಟಿಸಲು, “ಬಾಯಿಂದ ಬಂತು, ‘ಅಯ್ಯಪ್ಪಾ’ ಅಂದ್ರಿ” ಎಂದು ಕಾರಣವನ್ನೂ ಕೊಟ್ಟನು.

ಎತ್ತರದಿಂದ ಮುಂದಕ್ಕೆ ನೆಗೆದವನಿಗೆ ಮೊಣಕಾಲಿನ ಬಾಗು ಸಾಲದು, ಉರುಳುವಿಕೆ ಬೇಕು. ಇದು ಮಕ್ಕಳು ಹಾಕುವ ಲಾಗವಲ್ಲ. ಲಾಗದಲ್ಲಿ ಬೆನ್ನೆಲುಬು ನೇರವಾಗಿ ನೆಲಕ್ಕೆ ಒತ್ತುತ್ತದೆ. ಇಲ್ಲಿಯಾದರೋ ಗಲ್ಲವನ್ನು ಎದೆಗೆ ಒತ್ತಿಕೊಂಡು, ಬಲಭುಜದಿಂದ ಎಡಸೊಂಟಕ್ಕೆ, ಜನಿವಾರಕ್ಕೆ ಎದುರು ಓರೆಯಾಗಿ, ಉರುಳತಕ್ಕದ್ದು. ಮಂಡಿಯೂರಿ ಕುಳಿತು ಹುಲ್ಲಿನ ಮೇಲೆ ಆರಂಭಿಸಿದ ನನ್ನ ಪ್ರಥಮ ಉರುಳು ಕೊತ್ತಂಬರಿಯ ಮಡಿಯಲ್ಲಿ ಪರ್ಯವಸಾನವಾಯಿತು. ಆ ದಿನದ ಸಾರಿನ ಪರಿಮಳವನ್ನು ಎಲ್ಲರೂ ಹೊಗಳಿದರು. ಕಾರಣವನ್ನು ಯಾರೂ ಕೇಳಲಿಲ್ಲ.

ಗುರಿ ತಪ್ಪದೆ ಇಳಿಯುವ ನೆಗೆತಕ್ಕೆ ಮಾತ್ರ ನಾನು ಪೂರ್ವಸಂಸ್ಕಾರವುಳ್ಳವನಾಗಿದ್ದೆ. ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಗೆರೆಗಳನ್ನೆಳೆದು, ಒಂದರಿಂದ ಇನ್ನೊಂದಕ್ಕೆ ಎರಡು ಪಾದಗಳನ್ನೂ ಜೋಡಿಸಿ ನೆಗೆದು, ಅಲುಗದೆ ನಿಲ್ಲುವುದು ಇದರ ಕ್ರಮ. ಗೆರೆಯನ್ನು ತುಳಿಯಬಾರದೆಂಬ ಕುಂಟಾಬಿಲ್ಲೆಯ ನಿಷೇಧವು ಇಲ್ಲಿ ಗೆರೆಯನ್ನೇ ತುಳಿಯಬೇಕೆಂಬ ವಿಧಿಯಾಗುವುದು ಪೂರ್ವಮೀಮಾಂಸೆಯ ವಿಷಯ.

ಪ್ರಾಕಾರ ಪ್ರಕರಣ

ನಾಲ್ಕನೆಯ ತಿಂಗಳಿನಲ್ಲಿ ಗೋಡೆಯ ದರ್ಶನವಾಯಿತು. ದಾಟುವ ಮುನ್ನ ಗೋಡೆಯನ್ನು ಪರೀಕ್ಷಿಸತಕ್ಕದ್ದು: ಮೇಲಿನ ಕಲ್ಲು ಅಲುಗುವುದೇ, ಮಳೆಗಾಲದ ಪಾಚಿ ಉಳಿದಿದೆಯೇ, ಆಚೆಯ ನೆಲವು ಕಣ್ಣಿಗೆ ಕಾಣುವುದೇ, ಗೋಡೆಯ ಯಜಮಾನನ ಅನುಮತಿಯುಂಟೇ. ಇಷ್ಟನ್ನೂ ಫ್ರೆಂಚ್ ಸಂಪ್ರದಾಯವು ಹೇಳುತ್ತದೆ. ನಮ್ಮ ದೇಶದ ಕಾಂಪೌಂಡುಗಳ ನೆತ್ತಿಯ ಮೇಲೆ ಒಡೆದ ಸೀಸೆಯ ಚೂರುಗಳನ್ನು ನೆಡುವ ಪದ್ಧತಿಯನ್ನು ಕುರಿತು ನಮ್ಮ ಭಾಷ್ಯಕಾರರೇ ಬರೆಯಬೇಕು. ಅಂಥ ಗೋಡೆಯು ಮೂರನೆಯ ದರ್ಶನವನ್ನು ಖಂಡಿಸಿ ಮೊದಲನೆಯದನ್ನು ಸ್ಥಾಪಿಸುತ್ತದೆ.

ಮೇಷ್ಟರಿಗೂ ನಮಗೂ ನಡುವಿನ ಗೋಡೆಯು ಮೂರಡಿ ಎತ್ತರದ್ದು, ನಿರ್ಗಾಜು. ಹತ್ತಿರ ಬಂದು, ಎಡ ಅಂಗೈಯನ್ನೂ ಬಲಪಾದವನ್ನೂ ಅದರ ಮೇಲಿಟ್ಟು, ಎಡಗಾಲನ್ನು ಇವೆರಡರ ನಡುವಿನಿಂದ ತೂರಿಸಿ ಆಚೆಗೆ ಹೆಜ್ಜೆಯಿಡುವುದು ಆರಂಭಿಕರಿಗೆ ವಿಹಿತವಾದ ಕ್ರಮ. ಮೊದಲೆರಡು ಸಲ ಗೋಡೆಯ ಮೇಲೆಯೇ ಕುಳಿತು ‘ಕೂರು’ ಎಂಬ ವಿಧಿಯನ್ನು ಪಾಲಿಸಿದೆ. ಮೂರನೆಯ ಸಲ ಆಚೆ ಇಳಿದೆ. ವೃತ್ತಪತ್ರಿಕೆಯನ್ನು ಓದುತ್ತಿದ್ದ ಮೇಷ್ಟರು ಕನ್ನಡಕದ ಮೇಲಿನಿಂದ ನೋಡಿ, “ಏನಯ್ಯಾ, ಗೇಟು ತೆರೆದೇ ಇತ್ತಲ್ಲ?” ಎಂದರು. ಈ ಶಾಸ್ತ್ರಕ್ಕೆ ಎದುರಾಗತಕ್ಕ ಆಕ್ಷೇಪಗಳಲ್ಲೆಲ್ಲ ಪರಮವಾದದ್ದು ಇದೇ. ಎಬೇರನ ಮಹಾವಾಕ್ಯವನ್ನು ಉತ್ತರವಾಗಿ ಹೇಳಹೊರಟೆನಾದರೂ, ಹೀಗೆ ಬಂದದ್ದರಿಂದ ಯಾರಿಗೇನು ಉಪಯೋಗವಾಯಿತೆಂಬ ಮರುಪ್ರಶ್ನೆಯು ನನ್ನಲ್ಲಿಯೇ ಹುಟ್ಟಿ, ಸುಮ್ಮನೆ ಗೇಟಿನಿಂದ ಹಿಂತಿರುಗಿದೆನು.

ಫಲಶ್ರುತಿ

ಆ ಪ್ರಶ್ನೆಗೆ ಉತ್ತರವು ಗೋಡೆಯ ಬಳಿ ದೊರೆಯಲಿಲ್ಲ. ಬಂಧುಗಳ ಮನೆಯ ಗೃಹಪ್ರವೇಶದಲ್ಲಿ, ನೆಲದ ಪಂಕ್ತಿಯಲ್ಲಿ, ಬಾಳೆಯೆಲೆಯ ಮುಂದೆ ದೊರೆಯಿತು. ಊಟವು ಮುಗಿದು ಎಲೆಗಳನ್ನು ಮಡಿಸಿದ ಮೇಲೆ, ಪಂಕ್ತಿಯಲ್ಲಿದ್ದ ನನ್ನ ಓರಗೆಯವರೆಲ್ಲ ಒಂದು ಕೈಯನ್ನು ನೆಲಕ್ಕೂ ಇನ್ನೊಂದನ್ನು ಮಂಡಿಗೂ ಊರಿ, ತಮ್ಮ ತಮ್ಮ ಇಷ್ಟದೈವಗಳನ್ನು ಗಟ್ಟಿಯಾಗಿ ಕರೆಯುತ್ತ ಏಳುತ್ತಿದ್ದರು. ನಾನು ಹಿಂದಿನ ಹಲವು ವರ್ಷಗಳಲ್ಲಿ ಮೊದಲ ಬಾರಿಗೆ, ಎಲ್ಲಿಯೂ ಕೈಯೂರದೆ ಎದ್ದು ನಿಂತಿದ್ದೆ. ಎದ್ದದ್ದು ನಿಂತ ಮೇಲೆಯೇ ನನಗೆ ಗೊತ್ತಾಯಿತು. ಪಕ್ಕದಲ್ಲಿ ಮೇಷ್ಟರು ಎರಡು ಸಲ ಪ್ರಯತ್ನಿಸಿ, ಮೂರನೆಯ ಸಲ ಮಾತಿಲ್ಲದೆ ನನ್ನತ್ತ ಕೈಯನ್ನು ಚಾಚಿದರು. ಮೊಣಕಾಲನ್ನು ಬಾಗಿಸಿ, ನಡುವನ್ನು ನೇರವಾಗಿಟ್ಟು, ಅವರನ್ನು ಮೆಲ್ಲನೆ ಎಬ್ಬಿಸಿ ನಿಲ್ಲಿಸಿದೆ.

“ಹೋಳಿಗೆ ಎಷ್ಟು ಹಾಕಿಸಿಕೊಂಡೆಯಯ್ಯಾ?” ಎಂದರು.

“ಒಂದೇ, ಮೇಷ್ಟ್ರೇ.”

“ಹಾಗಾದರೆ ಎರಡು ಲಂಘನವೂ ಸಿದ್ಧಿಸಿತು ಅನ್ನು” ಎಂದು ಅವರು ತಮ್ಮ ಶಲ್ಯವನ್ನು ಸರಿಪಡಿಸಿಕೊಂಡರು.

ಮಜ್ಜಿಗೆಯ ಪಾತ್ರೆಯನ್ನು ಹಿಡಿದು ಪಂಕ್ತಿಯ ಆ ತುದಿಯಲ್ಲಿ ನಮ್ಮ ಕಡೆಗೆ ಬೆನ್ನು ಮಾಡಿ ನಿಂತಿದ್ದ ಗುರುವು, ತಿರುಗದೆಯೇ ಹೇಳಿದನು: “ಸದ್ದಾಗಲಿಲ್ಲ ಮಾವ.”