ಸದಾಶಿವನಗರದ ಅಂಗೈ ಶಾಸನ: ಪಾಠ, ಪ್ರಕ್ಷೇಪ ಮತ್ತು ಅಳಿಸುವಿಕೆಗಳ ಒಂದು ವಿಮರ್ಶೆ

ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಸಾಹೇಬರು 1904ರಲ್ಲೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟದಲ್ಲಿ ಕಟ್ಟಿಟ್ಟು ಹೋದರು. ಆಮೇಲೆ ಬಂದ ವಿದ್ವಾಂಸರು ಅವರ ಕಣ್ಣು ತಪ್ಪಿಸಿಕೊಂಡ ಕಲ್ಲುಗಳಿಗಾಗಿ ಕೆರೆಯ ಏರಿ, ತೂಬು, ಗುಡಿಯ ಹಿಂಬದಿಗಳನ್ನೆಲ್ಲ ಜಾಲಾಡಿದರು. ಆದರೆ ತುಮಕೂರು ನಗರದ ಸದಾಶಿವನಗರದಲ್ಲಿ, ಒಬ್ಬ ನಿವೃತ್ತ ಗುಮಾಸ್ತರ ಅಂಗಿಯ ಜೇಬಿನಲ್ಲಿ, ಹಗಲಿರುಳೆನ್ನದೆ ಸಾಲುಸಾಲಾಗಿ ಬೆಳೆಯುತ್ತಿರುವ ಶಾಸನವೊಂದು ಇಂದಿಗೂ ಯಾವ ಸಂಪುಟವನ್ನೂ ಸೇರಿಲ್ಲ. ವಿದ್ವಲ್ಲೋಕದ ಈ ಅಕ್ಷಮ್ಯ ಕೊರತೆಯನ್ನು ತುಂಬಲೆಂದೇ ಪ್ರಸ್ತುತ ಪ್ರಬಂಧ.

ಶಾಸನದ ಹೆಸರು ‘ನನ್ನ ಚಟುವಟಿಕೆ’. ದೊರೆತ ಸ್ಥಳ: ಫೋನಿನ ಸೆಟ್ಟಿಂಗ್ಸ್, ಅದರೊಳಗೆ ಗೂಗಲ್, ಅದರೊಳಗೆ ಖಾತೆ, ಅದರೊಳಗೆ ಡೇಟಾ ಮತ್ತು ಗೌಪ್ಯತೆ. ಇಷ್ಟು ಪ್ರಾಕಾರ ದಾಟಿದ ಮೇಲೆ ಗರ್ಭಗುಡಿ. ನಾವು ಹುಡುಕಿದ್ದು, ನೋಡಿದ್ದು, ಕೇಳಿದ್ದನ್ನೆಲ್ಲ ಒಂದೇ ಕಡೆ ಪೇರಿಸಿ ತೋರಿಸುವ ಈ ಪುಟವನ್ನು ಗೂಗಲ್ 2016ರಲ್ಲಿ ತೆರೆಯಿತು. ಅಂದಿನಿಂದ ಬಾಗಿಲು ತೆರೆದೇ ಇದ್ದರೂ ದರ್ಶನಕ್ಕೆ ಹೋದ ಭಕ್ತರು ವಿರಳ.

ಶಾಸನದ ಒಡೆಯರು (ಇನ್ನು ಮುಂದೆ ‘ಕರ್ತೃ’) ಹೆಸರು ಬರೆಯಕೂಡದೆಂಬ ಷರತ್ತಿನ ಮೇಲೆ ಫೋನನ್ನು ಕೈಗಿತ್ತರು. ಯಾರಿಗೆ ತಿಳಿಯಬಾರದು ಎಂದು ಕೇಳಿದ್ದಕ್ಕೆ ಬಾಯಲ್ಲಿ ಉತ್ತರಿಸದೆ ಅಡುಗೆಮನೆಯ ಕಡೆ ಹುಬ್ಬು ಹಾರಿಸಿದರು. ಆ ಹುಬ್ಬಿನ ಬಗ್ಗೆ ಮುಂದೆ ಸಾಕಷ್ಟು ಹೇಳುವುದಿದೆ. ಶಾಸ್ತ್ರದ ಮರ್ಯಾದೆಯಂತೆ ಮೊದಲು ಪಾಠ.

ಮೂಲಪಾಠ

ಲೋಕದ ಶಾಸನಗಳೆಲ್ಲ ಮೇಲಿನಿಂದ ಕೆಳಕ್ಕೆ ಹೋದರೆ ಇದು ತೀರ ಈಚಿನ ಪಾಪವನ್ನು ಮೊದಲು ತೋರಿಸುತ್ತದೆ. ಓದುಗರ ಅನುಕೂಲಕ್ಕಾಗಿ ತಿರುಗಿಸಿ ಕೊಟ್ಟಿದ್ದೇವೆ.

1. ಬೆಳಗ್ಗೆ 5.48: ಫಾಸ್ಟಿಂಗ್ ಶುಗರ್ ಎಷ್ಟಿದ್ದರೆ ನಾರ್ಮಲ್
2. 5.51: ಫಾಸ್ಟಿಂಗ್ ಶುಗರ್ ಜಾಸ್ತಿ ಇದ್ರೂ ನಾರ್ಮಲ್ ಇರಬಹುದಾ
3. 8.20: ಗುಬ್ಬಿ ಬಸ್ ಟೈಮ್
4. 9.05: ಕ್ಯಾತ್ಸಂದ್ರ ತಟ್ಟೆ ಇಡ್ಲಿ ಈಗ ಓಪನ್ ಇದೆಯಾ
5. ಸಂಜೆ 4.32: ಗೇಮ್ ಡೈಮಂಡ್ ಫ್ರೀ
6. 4.33: ತಾತನ ಫೋನ್ ಪಾಸ್‌ವರ್ಡ್ ತೆಗೆಯೋದು ಹೇಗೆ
7. ರಾತ್ರಿ 9.15: ಸದಾಶಿವನಗರ ಮನೆ ರೇಟ್
(ಇಲ್ಲಿ ಪಾಠ ಲುಪ್ತ)
8. ಮಧ್ಯರಾತ್ರಿ 2.40: ಹೆಂಗಸರಿಗೆ ತೋಳಲ್ಲಿ ಗಂಟು ನೋವಿಲ್ಲ ಏನಿರಬಹುದು

ಕರ್ತೃ ವಿಚಾರ

ಎಂಟು ಸಾಲಿಗೂ ಅಂಕಿತ ಒಂದೇ, ಅದೇ ಜಿಮೇಲ್ ವಿಳಾಸ. ಅಂಕಿತ ಒಂದಾದ ಮಾತ್ರಕ್ಕೆ ಕರ್ತೃ ಒಬ್ಬನೇ ಎನ್ನಲಾದೀತೆ? ‘ಕವಿರಾಜಮಾರ್ಗ’ ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ನಮ್ಮ ಹಿರಿಯರು ಒಂದು ತಲೆಮಾರು ಪೂರ್ತಿ ಜಗಳವಾಡಿದ್ದನ್ನು ನೆನೆಯಬೇಕು. ಇಲ್ಲಿ ಒಂದರಿಂದ ನಾಲ್ಕನೆಯ ಸಾಲಿನವರೆಗಿನ ಶೈಲಿ ಪ್ರೌಢ, ಭಯಮಿಶ್ರಿತ, ನಂಬಿಕೆಯಲ್ಲಿ ಕೊನೆಗೊಳ್ಳುವಂಥದು. ಐದು ಮತ್ತು ಆರನೆಯ ಸಾಲುಗಳಲ್ಲಿ ಭಯದ ಲೇಶವೂ ಇಲ್ಲ. ಆರನೆಯ ಸಾಲಿನಲ್ಲಂತೂ ಕರ್ತೃವೇ ಪ್ರಥಮ ಪುರುಷದಲ್ಲಿ ಬಂದಿದ್ದಾರೆ. ಇವೆರಡೂ ಮೊಮ್ಮಗನ ಪ್ರಕ್ಷೇಪಗಳೆಂಬುದು ನಿರ್ವಿವಾದ. ಮೊಮ್ಮಗನನ್ನು ವಿಚಾರಿಸಲಾಗಿ, “ತಾತ ತಾನೇ ಕೇಳಿರ್ಬೇಕು” ಎಂದು ಪ್ರತಿವಾದ ಹೂಡಿದ.

ವಿದ್ವಾಂಸರ ಮಟ್ಟಿಗೆ ಇದು ಪಾಠಭೇದ. ಕಂಪನಿಯ ಯಂತ್ರಕ್ಕೆ ಆ ಗೋಜಿಲ್ಲ. ಅದರ ಕಣ್ಣಿಗೆ ಈ ವಿಳಾಸದಲ್ಲಿರುವುದು ಒಬ್ಬನೇ ಮನುಷ್ಯ: ಸಕ್ಕರೆ ಕಾಯಿಲೆಯವನು, ವಜ್ರ ಬೇಕೆನ್ನುವವನು, ಅದೂ ಪುಕ್ಕಟೆಯಾಗಿ. ಕರ್ತೃವಿನ ಫೋನಿಗೆ ಒಡವೆ ಅಂಗಡಿಗಳ ಜಾಹೀರಾತು ಒಂದೇ ಸಮನೆ ಬರುತ್ತಿದ್ದುದಕ್ಕೆ, ಅದನ್ನು ಕಂಡು ಮನೆಯವರ ಮುಖದಲ್ಲಿ ಒಂದು ವಾರ ಅಕಾರಣ ಸಂತೋಷ ಮೂಡಿದ್ದಕ್ಕೆ ಬೇರೆ ವಿವರಣೆ ನಮಗೆ ತೋರದು. ಪ್ರಕ್ಷೇಪವನ್ನು ತೆಗೆಯುವ ಉಪಾಯ ಉಂಟು. ಪ್ರತಿ ಸಾಲಿನ ಪಕ್ಕದಲ್ಲೂ ಅಳಿಸುವ ಗುರುತಿದೆ. ಬೇಕಾದರೆ ಒಂದು ದಿನದ್ದನ್ನು, ಒಂದು ಆ್ಯಪಿನದ್ದನ್ನು ಒಟ್ಟಿಗೇ ಕಿತ್ತು ಹಾಕಬಹುದು. ಈ ಪುಟ ತೆರೆಯುವ ಮೊದಲು ಪಾಸ್‌ವರ್ಡ್ ಕೇಳುವಂತೆ ಇನ್ನೊಂದು ಬೀಗವನ್ನೂ ಜಡಿಯಬಹುದು. ಆರನೆಯ ಸಾಲನ್ನು ಗಮನದಲ್ಲಿಟ್ಟುಕೊಂಡು ಬೀಗದ ಬಾಳಿಕೆಯನ್ನು ಅಂದಾಜು ಮಾಡತಕ್ಕದ್ದು.

ದೇಶ ವಿಚಾರ

ಏಳನೆಯ ಸಾಲು ಮುಂದಿನ ಸಂಶೋಧಕರನ್ನು ದಾರಿ ತಪ್ಪಿಸುವುದು ಖಂಡಿತ. ಸದಾಶಿವನಗರ ಒಂದೇ ಅಲ್ಲ. ಒಂದು ಬೆಂಗಳೂರಿನದು, ಹಿಂದೆ ಪ್ಯಾಲೇಸ್ ಆರ್ಚರ್ಡ್ಸ್ ಎನಿಸಿಕೊಂಡಿದ್ದು, ಆಮೇಲೆ ಕಾರ್ನಾಡು ಸದಾಶಿವರಾಯರ ಹೆಸರು ಹೊತ್ತದ್ದು, ಈಗ ಮಂತ್ರಿ ಮಹೋದಯರ ಬಂಗಲೆಗಳಿಂದ ತುಂಬಿದ್ದು. ಇನ್ನೊಂದು ನಮ್ಮದು. ಕರ್ತೃ ಕೇಳಿದ್ದು ತಮ್ಮ ಬೀದಿಯ ಮನೆಯ ರೇಟು. ಉತ್ತರ ಬಂದದ್ದು ಎಪ್ಪತ್ತು ಕಿಲೋಮೀಟರ್ ಆಚೆಯ ಬಂಗಲೆಗಳದು. ಆ ಅಂಕಿಯನ್ನು ನೋಡಿ ಕರ್ತೃ ಸ್ವಲ್ಪ ಹೊತ್ತು ತಮ್ಮ ಮನೆಯ ಗೋಡೆಯನ್ನೇ ಬೇರೆ ದೃಷ್ಟಿಯಿಂದ ನೋಡಿದರಂತೆ. ಅವರು ಕೋಟ್ಯಧಿಪತಿಯೆಂದು ಭಾವೀ ಇತಿಹಾಸಕಾರ ಬರೆದರೆ ಆಧಾರ ಇಲ್ಲದಿಲ್ಲ.

ಮೂರು ಮತ್ತು ನಾಲ್ಕನೆಯ ಸಾಲುಗಳದು ಇನ್ನೂ ಜಟಿಲ ಸಮಸ್ಯೆ. ಗುಬ್ಬಿಯಲ್ಲಿ ಷಡ್ಡಕರನ್ನು ನೋಡಿಬರುತ್ತೇನೆಂದು ಕರ್ತೃ ಮನೆಯಲ್ಲಿ ಹೇಳಿ ಹೊರಟಿದ್ದರು. ಗುಬ್ಬಿಯೂ ಕ್ಯಾತ್ಸಂದ್ರವೂ ಬಿ. ಎಚ್. ರಸ್ತೆಯಲ್ಲೇ ಇವೆ, ನಿಜ. ಆದರೆ ಒಂದಕ್ಕೆ ಮುಖ ಮಾಡಿದರೆ ಇನ್ನೊಂದಕ್ಕೆ ಬೆನ್ನು. ಗುಬ್ಬಿಗೆ ಹೊರಟವನು ಕ್ಯಾತ್ಸಂದ್ರ ತಲುಪಬೇಕಾದರೆ ಭೂಮಿಯನ್ನು ಒಂದು ಸುತ್ತು ಹಾಕಬೇಕು, ಇಲ್ಲವೇ ಸುಳ್ಳು ಹೇಳಬೇಕು. ಒಂದನೆಯ ಸಾಲಿನ ಶುಗರ್, ನಾಲ್ಕನೆಯ ಸಾಲಿನ ತಟ್ಟೆ ಇಡ್ಲಿ, ಅದರ ಮೇಲಿನ ಬೆಣ್ಣೆ (ಶಾಸನದಲ್ಲಿಲ್ಲ, ಊಹೆ) ಇವನ್ನು ಕೂಡಿಸಿ ಓದುವ ಶಕ್ತಿ ಸದಾಶಿವನಗರದಲ್ಲಿ ಒಬ್ಬರಿಗಿದೆ. ಅವರಿರುವುದು ಅಡುಗೆಮನೆಯಲ್ಲಿ.

ಇಲ್ಲೊಂದು ಐತಿಹಾಸಿಕ ವಿಪರ್ಯಾಸವನ್ನು ದಾಖಲಿಸಲೇಬೇಕು. ಲೊಕೇಶನ್ ಹಿಸ್ಟರಿ ನಿಲ್ಲಿಸಿದರೂ ಗೂಗಲ್ ಜಾಡು ಹಿಡಿಯುತ್ತದೆ, ‘ವೆಬ್ ಮತ್ತು ಆ್ಯಪ್ ಚಟುವಟಿಕೆ’ ಎಂಬ ಇನ್ನೊಂದು ಕಡತದಲ್ಲಿ ಸ್ಥಳವನ್ನು ಗುರುತು ಹಾಕಿಕೊಳ್ಳುತ್ತದೆ ಎಂದು 2018ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಬಯಲು ಮಾಡಿತು. 2022ರಲ್ಲಿ ಅಮೆರಿಕದ 40 ರಾಜ್ಯಗಳಿಗೆ ಕಂಪನಿ 39.15 ಕೋಟಿ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. ಆಮೇಲೆ ಲೊಕೇಶನ್ ಹಿಸ್ಟರಿಗೆ ‘ಟೈಮ್‌ಲೈನ್’ ಎಂದು ಹೆಸರಿಟ್ಟು, 2024ರಿಂದ ಅದನ್ನು ತನ್ನ ಯಂತ್ರಗಳಿಂದ ಇಳಿಸಿ ಆಯಾ ಫೋನಿನೊಳಗೇ ಇಡತೊಡಗಿತು. ಗೌಪ್ಯತಾವಾದಿಗಳಿಗೆ ಸಂತೋಷ. ಕರ್ತೃವಿಗೆ ಸಂಕಟ. ಕ್ಯಾಲಿಫೋರ್ನಿಯಾದಲ್ಲಿ ಕೂತಿದ್ದ ಸಾಕ್ಷಿ ಈಗ ಟೀಪಾಯಿಯ ಮೇಲೆ, ಕನ್ನಡಕದ ಪಕ್ಕದಲ್ಲಿ ಬಂದು ಕೂತಿದೆ.

ಲುಪ್ತಪಾಠ

ಏಳು ಮತ್ತು ಎಂಟನೆಯ ಸಾಲುಗಳ ನಡುವಿನ ತೆರಪು ಕಾಲದ ಹೊಡೆತದಿಂದ ಆದದ್ದಲ್ಲ, ಉಳಿಯ ಕೆಲಸ. ಗೂಗಲ್ ಆ್ಯಪಿನಲ್ಲಿ ಕೊನೆಯ 15 ನಿಮಿಷದ್ದನ್ನು ಮಾತ್ರ ಒರೆಸುವ ಗುಂಡಿಯೊಂದಿದೆ. ಕರ್ತೃ ಅದನ್ನು ಒತ್ತಿದ್ದಾರೆ. ಏನಿತ್ತು ಎಂದು ಕೇಳಿದೆವು. “ನೆನಪಿಲ್ಲ ಸ್ವಾಮಿ” ಎಂದರು. ನೆನಪಿಲ್ಲದ್ದನ್ನು ಅಷ್ಟು ಗುರಿಯಿಟ್ಟು ಅಳಿಸಲು ಸಾಧ್ಯವೇ ಎಂಬ ಪ್ರಶ್ನೆಯನ್ನು ವಿದ್ವಜ್ಜನರಿಗೆ ಬಿಡುತ್ತೇವೆ.

ಶಾನುಭೋಗರ ಕಾಲದಲ್ಲಿ ಕಡತವಿತ್ತು: ಬಟ್ಟೆಗೆ ಇದ್ದಿಲು, ಹುಣಿಸೆಬೀಜದ ಸರಿ ಬಳಿದು, ಬಳಪದಲ್ಲಿ ಬರೆದು, ಬೇಡವಾದರೆ ಒರೆಸಿ, ಮತ್ತೆ ಬರೆಯುವುದು. ಒರೆಸುವ ಹಕ್ಕು ಬರೆದವನಿಗೆ ಮಾತ್ರ. ಹೆಸರು ಬಿದ್ದಿದ್ದ ರೈತನಿಗೆ ಬಟ್ಟೆ ಮುಟ್ಟುವ ಅಧಿಕಾರವೂ ಇರಲಿಲ್ಲ. ಈಗ ಆ ಬಳಪವನ್ನು ಶಾನುಭೋಗನೇ ನಮ್ಮ ಕೈಗೆ ಕೊಟ್ಟಿದ್ದಾನೆ, ಇದು ಪ್ರಗತಿಯೇ. ಆದರೆ ಅಳಿಸಿದ ಮಾಹಿತಿ ತನ್ನ ಯಂತ್ರಗಳಿಂದ ಪೂರ್ತಿ ಹೋಗಲು ಸುಮಾರು ಎರಡು ತಿಂಗಳು ಬೇಕು, ಬ್ಯಾಕಪ್‌ಗಳಲ್ಲಿ ಆರು ತಿಂಗಳವರೆಗೂ ಇರಬಹುದು ಎಂದು ಕಂಪನಿ ತಾನೇ ಬರೆದುಕೊಂಡಿದೆ. ಮನುಷ್ಯ ಸತ್ತರೆ ಹದಿಮೂರು ದಿನಕ್ಕೆ ಎಲ್ಲ ಮುಗಿಯುತ್ತದೆ; ಒಂದು ಸರ್ಚಿಗೆ ಇಷ್ಟು ದೀರ್ಘ ಪ್ರೇತಾವಸ್ಥೆ.

ಈ ಹಂತದಲ್ಲಿ ಕರ್ತೃವಿನ ಅಳಿಯಂದಿರು ಪೂರ್ವಪಕ್ಷ ಎತ್ತಿದರು: “ಇಷ್ಟೆಲ್ಲ ಯಾಕೆ ಮಾವ, ಇನ್‌ಕಾಗ್ನಿಟೊದಲ್ಲಿ ನೋಡಿದ್ರಾಯ್ತಲ್ಲ.” ಉತ್ತರಪಕ್ಷವನ್ನು ವಿರಾಟಪರ್ವದಿಂದ ಎತ್ತಿಕೊಳ್ಳಬಹುದು. ಪಾಂಡವರ ಅಜ್ಞಾತವಾಸ ಕೌರವರ ಕಣ್ಣಿಗೆ ಮಾತ್ರ ಅಜ್ಞಾತ; ದಿನಾ ಭೀಮನ ಅಡುಗೆ ಉಣ್ಣುತ್ತಿದ್ದ ವಿರಾಟನ ಮನೆಯವರಿಗೆ ಅಡುಗೆಯವನು ಚೆನ್ನಾಗಿ ಗೊತ್ತಿದ್ದ, ಹೆಸರು ಗೊತ್ತಿರಲಿಲ್ಲ ಅಷ್ಟೆ. ಇನ್‌ಕಾಗ್ನಿಟೊ ಕಿಟಕಿ ಮುಚ್ಚಿದಾಗ ನಮ್ಮ ಫೋನಿನ ಹಿಸ್ಟರಿಯಲ್ಲಿ ಗುರುತು ಉಳಿಯುವುದಿಲ್ಲ. ಹೊಕ್ಕ ವೆಬ್‌ಸೈಟಿಗೆ, ಇಂಟರ್‌ನೆಟ್ ಕೊಡುವ ಕಂಪನಿಗೆ ನಾವು ಬಂದುಹೋದದ್ದು ತಿಳಿಯುತ್ತಲೇ ಇರುತ್ತದೆ. ಇದೇ ವಿಷಯಕ್ಕೆ 2020ರಲ್ಲಿ ಅಮೆರಿಕದಲ್ಲಿ ಮೊಕದ್ದಮೆ ಹೂಡಿದರು. 2024ರ ರಾಜಿಯಲ್ಲಿ ಗೂಗಲ್ ನೂರಾರು ಕೋಟಿ ದಾಖಲೆಗಳನ್ನು ನಾಶಮಾಡಲು ಒಪ್ಪಿತು. ಅಜ್ಞಾತದಲ್ಲಿ ಏನೂ ದಾಖಲಾಗದಿದ್ದರೆ ನಾಶಮಾಡಿದ್ದೇನನ್ನು ಎಂದು ಅಳಿಯಂದಿರನ್ನು ಕೇಳಿದೆವು. ಅವರಿಗೆ ಅಷ್ಟರಲ್ಲಿ ಫೋನ್ ಬಂತು.

ಇದರಿಂದ ಸಿದ್ಧವಾಗುವ ಮೊದಲ ಪ್ರಮೇಯ: ಸದಾಶಿವನಗರದ ಗೃಹಸ್ಥನ ಗೌಪ್ಯತೆಯೆಂದರೆ ಹತ್ತು ಅಡಿ ದೂರದ ಅಡುಗೆಮನೆಯಿಂದ ಮುಚ್ಚಿಟ್ಟು, ಹದಿನಾಲ್ಕು ಸಾವಿರ ಕಿಲೋಮೀಟರ್ ದೂರದವರಿಗೆ ಒಪ್ಪಿಸುವುದು. ಕಾನೂನು ಕೂಡ ಇದಕ್ಕೆ ವಿರುದ್ಧ ದಿಕ್ಕಿನಿಂದ ಸಾಕ್ಷಿ ನುಡಿಯುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿದರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ದತ್ತಾಂಶವನ್ನು ಅಳಿಸಿ ಎಂದು ಕಂಪನಿಗಳನ್ನು ಕೇಳುವ ಹಕ್ಕು ಅದರಲ್ಲಿದೆ. ಆದರೆ ಅದೇ ಕಾಯ್ದೆಯ ಮೂರನೆಯ ಸೆಕ್ಷನ್, ವ್ಯಕ್ತಿಯೊಬ್ಬರು ವೈಯಕ್ತಿಕ ಅಥವಾ ಗೃಹಸಂಬಂಧಿ ಉದ್ದೇಶಕ್ಕೆ ದತ್ತಾಂಶ ಬಳಸಿದರೆ ಕಾಯ್ದೆ ಅನ್ವಯಿಸದು ಎನ್ನುತ್ತದೆ. ಕರ್ತೃವಿಗೆ ಇದನ್ನು ಓದಿ ಹೇಳಿದಾಗ, “ಅಂದ್ರೆ ಅಡುಗೆಮನೆ ಬಿಟ್ಟು ಬಾಕಿ ಎಲ್ಲಾರ ಮೇಲೂ ಕೇಸ್ ಹಾಕ್ಬೋದು ಅನ್ನಿ” ಎಂದು ನಿಟ್ಟುಸಿರು ಬಿಟ್ಟರು.

ಎಂಟನೆಯ ಸಾಲು

ಇದಕ್ಕೆ ವ್ಯಾಖ್ಯಾನ ಬರೆಯಲು ಲೇಖನಿ ಎತ್ತಿದಾಗ ಕರ್ತೃ ಫೋನಿನ ಮೇಲೆ ಅಂಗೈ ಇಟ್ಟು, “ಅದೊಂದು ಬಿಡಿ” ಎಂದರು. ಹೆಂಡತಿಯ ತೋಳಿನ ಗಂಟನ್ನು ಅವರು ಕಂಡಿದ್ದರು, ಕೇಳಲು ಹೆದರಿದ್ದರು, ಎರಡು ಮುಕ್ಕಾಲರ ತನಕ ಸರ್ಚ್ ಮಾಡಿ, ಆಮೇಲೆ ಮೂರೂವರೆಯ ತನಕ ಸೌಂಡ್ ಆಫ್ ಮಾಡಿಕೊಂಡು ಯೂಟ್ಯೂಬ್ ನೋಡಿದ್ದರು. ಬಿಟ್ಟೆವು.

ಯಂತ್ರ ಬಿಡಲಿಲ್ಲ. ಹಾಲ್‌ನ ಸ್ಮಾರ್ಟ್ ಟಿವಿಯಲ್ಲೂ ಅದೇ ಅಂಕಿತ. ಬೆಳಗ್ಗೆ ಮನೆಯವರು ಸುಪ್ರಭಾತ ಹಾಕಲೆಂದು ಯೂಟ್ಯೂಬ್ ತೆರೆದರೆ ಸಾಲಾಗಿ ಗಂಟುಗಳು: ನಿರ್ಲಕ್ಷಿಸಬೇಡಿ, ಈ ಐದು ಲಕ್ಷಣ, ತಡಮಾಡಿದರೆ ಅಪಾಯ. ಅಡುಗೆಮನೆಗೆ ಕಾಣದಿರಲೆಂದು ಕಂಪನಿಯ ಕಿವಿಯಲ್ಲಿ ಹೇಳಿದ್ದನ್ನು ಕಂಪನಿ ನಲವತ್ತಮೂರು ಇಂಚಿನ ಪರದೆಯ ಮೇಲೆ ಅಡುಗೆಮನೆಗೇ ತಂದು ಒಪ್ಪಿಸಿತು. ನಮ್ಮ ಮೊದಲ ಪ್ರಮೇಯ ಬಿದ್ದುಹೋಯಿತು. ಎರಡು ಕಡೆಯ ಕಣ್ಣುಗಳು ಬೇರೆಬೇರೆ ಎಂದು ನಂಬಿ ಕಟ್ಟಿದ ಸಿದ್ಧಾಂತ ಅದು. ಒಂದು ಖಾತೆಯನ್ನು ಮನೆಮಂದಿಯೆಲ್ಲ, ಟಿವಿಯೂ ಸೇರಿ, ಹಂಚಿಕೊಂಡಿರುವಲ್ಲಿ ಅವುಗಳ ನಡುವೆ ಗೋಡೆಯೇ ಇಲ್ಲ.

ಮನೆಯವರು ರಿಮೋಟು ಹಿಡಿದೇ ಕೇಳಿದರು: “ಏನ್ರೀ ಇದು? ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ? ಡಾಕ್ಟ್ರು ನೋಡಿ ಆಯ್ತು, ಬರೀ ಕೊಬ್ಬಿನ ಗಂಟಂತೆ. ನೀವು ಗಾಬರಿ ಬೀಳ್ತೀರ ಅಂತ ನಾನೇ ಹೇಳ್ಲಿಲ್ಲ. ಅದಿರ್ಲಿ, ಗುಬ್ಬಿಯಿಂದ ಭಾವ ಫೋನ್ ಮಾಡಿದ್ರು, ನೀವು ಬಂದೇ ಇಲ್ವಂತೆ.”

ಅವಧಿ ನಿರ್ಣಯ

ಪ್ರಾಚೀನ ದಾನಶಾಸನಗಳ ಅವಧಿ ಆಚಂದ್ರಾರ್ಕ. ತಪ್ಪಿದವನು ಅರುವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟಲೆಂಬ ಶಾಪ ಬೇರೆ. ಅಂಗೈ ಶಾಸನ ತಾನಾಗಿಯೇ ಅಳಿಯಲು ಮೂರು ಅವಧಿಗಳಿವೆ: 3 ತಿಂಗಳು, 18 ತಿಂಗಳು, 36 ತಿಂಗಳು. ಶಾಪವಿಲ್ಲ. 2020ರಿಂದೀಚೆಗೆ ತೆರೆದ ಹೊಸ ಖಾತೆಗಳಿಗೆ ವೆಬ್ ಚಟುವಟಿಕೆಯ ಅವಧಿ ತಾನಾಗಿಯೇ 18 ತಿಂಗಳಿರುತ್ತದೆ. ಕರ್ತೃವಿನದು ಹಳೆಯ ಖಾತೆ, ಯಾರೂ ಮುಟ್ಟದ ಕಾರಣ ಆಚಂದ್ರಾರ್ಕವಾಗಿಯೇ ನಡೆದಿತ್ತು. ಕರ್ತೃ 3 ಎಂದರು. ಮನೆಯವರು 36 ಎಂದರು, ಸಾಕ್ಷಿಗೆ ಬೇಕು ಎಂಬ ಕಾರಣಕ್ಕೆ. ಮಹಾಭಾರತದ ಪರ್ವಗಳ ಸಂಖ್ಯೆಯನ್ನು ಮುಂದಿಟ್ಟು ನಾವು 18ಕ್ಕೆ ರಾಜಿ ಮಾಡಿಸಿದೆವು. ಕುಮಾರವ್ಯಾಸ ಹತ್ತೇ ಪರ್ವಕ್ಕೆ ನಿಲ್ಲಿಸಿದ್ದನಲ್ಲ ಎಂದು ಕರ್ತೃ ಚೌಕಾಸಿಗಿಳಿದರು. ಉಳಿದದ್ದನ್ನು ತಿಮ್ಮಣ್ಣ ಕವಿ ಬ್ಯಾಕಪ್ಪಿನಿಂದ ಮರಳಿ ತಂದನೆಂದು ನೆನಪಿಸಿದ ಮೇಲೆ ಸುಮ್ಮನಾದರು.

ಟಿವಿಯ ಗಂಟುಗಳನ್ನು ಮಾತ್ರ ಅಂದೇ ತೆಗೆಸಬೇಕೆಂದು ಮನೆಯವರು ಹಟ ಹಿಡಿದರು. ಯೂಟ್ಯೂಬ್ ಹಿಸ್ಟರಿಯನ್ನು ಪೂರ್ತಿ ಅಳಿಸಿ ನಿಲ್ಲಿಸಿದೆವು. 2023ರ ಆಗಸ್ಟಿನ ಬದಲಾವಣೆಯ ಪ್ರಕಾರ ಹಿಸ್ಟರಿ ಇಲ್ಲದವರಿಗೆ ಯೂಟ್ಯೂಬಿನ ಮೊದಲ ಪುಟದಲ್ಲಿ ಶಿಫಾರಸುಗಳು ಬರುವುದಿಲ್ಲ. ಪರದೆ ಬೋಳಾಯಿತು. ಶಾಲೆಯಿಂದ ಬಂದ ಮೊಮ್ಮಗ ಬ್ಯಾಗನ್ನು ಹೆಗಲಿಂದ ಇಳಿಸದೆ ನೋಡಿದ. “ಅಜ್ಜೀ, ಟಿವಿ ಕೆಟ್ಟೋಯ್ತು” ಎಂದ. ಯಾರೂ ಮಾತಾಡದಿದ್ದಾಗ ತಾತನ ಫೋನ್ ಎತ್ತಿಕೊಂಡು ರೂಮಿಗೆ ಹೋದ.

ಶಾಸನದ ಒಂಬತ್ತನೆಯ ಸಾಲು, ಸಂಜೆ 4.34: ತಾತನ ಯೂಟ್ಯೂಬ್ ಹಿಸ್ಟರಿ ಆನ್ ಮಾಡೋದು ಹೇಗೆ.