ಏಳು ಚದರ ಇಂಚು

ವಿಸಿಟಿಂಗ್ ಕಾರ್ಡಿನ ಉದ್ದ ಮೂರೂವರೆ ಇಂಚು, ಅಗಲ ಎರಡು ಇಂಚು. ಒಟ್ಟು ಏಳು ಚದರ ಇಂಚು. ಮುಂಬಯಿಯಲ್ಲಿ ಅಷ್ಟು ಜಾಗ ಸಿಕ್ಕಿದರೆ ಖಾಲಿ ಬಿಡುವವರುಂಟೇ?

ಗಿರ್‌ಗಾಂವ್‌ನ ಖಾಡಿಲ್ಕರ್ ರೋಡಿನಲ್ಲಿ ಸಾಲಾಗಿ ಲಗ್ನಪತ್ರಿಕೆಯ ಅಂಗಡಿಗಳು. ಅಂಥದೊಂದರಲ್ಲಿ ಕಾರ್ಡು ಮಾಡಿಸಲು ಪರಿಚಯದ ಹೋಟೆಲ್ ಶೆಟ್ಟರು ನನ್ನನ್ನೂ ಎಳೆದುಕೊಂಡು ಹೋದರು. "ಸ್ಪೆಲ್ಲಿಂಗ್ ನೋಡ್ಲಿಕ್ಕೆ ಒಬ್ರು ಬೇಕಲ್ಲ ಮಾರಾಯ್ರೆ." ಕಂಪ್ಯೂಟರಿನ ಹುಡುಗ ನಡುವೆ ಹೆಸರು, ಕೆಳಗೊಂದು ನಂಬರು ಇಟ್ಟು, ಸುತ್ತ ಬೆಳ್ಳಗೆ ಬಿಟ್ಟು, ಈಗ ಪರ್ಸನಲ್ ಬ್ರ್ಯಾಂಡ್ ಅಂದರೆ ಇದೇ ಎಂದ. ಶೆಟ್ಟರು ಪರದೆಗೆ ಮೂಗು ತಾಗಿಸಿ ನೋಡಿದರು.

"ಈ ಖಾಲಿ ಜಾಗಕ್ಕೂ ನಾನೇ ದುಡ್ಡು ಕೊಡುದಾ?"

ಮುಂದಿನ ಅರ್ಧ ಗಂಟೆ ಅತಿಕ್ರಮಣ. ನೆತ್ತಿಯ ಮೇಲೆ ಕಟೀಲು ಅಮ್ಮ, ಎಡಕ್ಕೆ ಇಡ್ಲಿ, ಬಲಕ್ಕೆ ನೂಡಲ್ಸ್. ಸೌತ್ ಇಂಡಿಯನ್, ಪಂಜಾಬಿ, ಚೈನೀಸ್, ಜ್ಯೂಸ್, ಪಾರ್ಟಿ ಆರ್ಡರ್. ಮೂರು ಮೊಬೈಲು. ಹುಡುಗ ಅಕ್ಷರ ಸಣ್ಣದು ಮಾಡುತ್ತಾ ಹೋದ. ಶೆಟ್ಟರ ಹೆಸರು ಕೊನೆಗೆ ನೂಡಲ್ಸಿನ ಎಳೆಗಳ ಪಕ್ಕ ಹೇಗೋ ತೂರಿಕೊಂಡಿತು.

ಅವರಿಗೇನೂ ಬೇಸರವಾಗಲಿಲ್ಲ. ಅವರ ಅಸಲು ಕಾರ್ಡು ಇದ್ದದ್ದು ಹಿಂಬದಿಯಲ್ಲಿ. ಅಲ್ಲಿ ಅವರು ಯಕ್ಷಗಾನ ಮಂಡಳಿಯ ಗೌರವಾಧ್ಯಕ್ಷರು, ಶನಿಪೂಜಾ ಸಮಿತಿಯ ಕೋಶಾಧಿಕಾರಿ, ಊರಿನ ಶಾಲೆಯ ಹಳೆ ವಿದ್ಯಾರ್ಥಿ ಸಂಘದ ಮುಂಬಯಿ ಸಂಚಾಲಕರು. ಹೆಸರಿನ ಮುಂದೆ ಊರು, ಊರಿನ ಹಿಂದೆ ಮನೆತನದ ಗುತ್ತಿನ ಮನೆ. ಮುಂಬಯಿಯಲ್ಲಿ ಬರೀ 'ಶೆಟ್ಟಿ' ಎಂದರೆ ಆಸಾಮಿ ಯಾರೆಂದು ತಿಳಿಯುವುದಿಲ್ಲ, ಕಸುಬು ಮಾತ್ರ ತಿಳಿಯುತ್ತದೆ. ಇಡ್ಲಿ ತಿನ್ನಲು ಬರುವ ಗುಜರಾತಿಗೆ ಗುತ್ತಿನ ಮನೆ ಕಟ್ಟಿಕೊಂಡು ಏನಾಗಬೇಕು? ಅದು ಕುರ್ಲಾದ ಬಂಟರ ಭವನದಲ್ಲಿ ಊಟದ ಸಾಲಿನಲ್ಲಿ ಎದುರಾಗುವವರಿಗೆ. ಅವರು ಕಾರ್ಡು ತಿರುಗಿಸಿ ಓದಿ ಮೊದಲು ಕೇಳುವುದು ವ್ಯಾಪಾರವನ್ನಲ್ಲ, ನಿಮ್ಮ ಸೋದರಮಾವ ಯಾರೆಂದು. ಅಳಿಯಸಂತಾನದವರಲ್ಲಿ ತಂದೆಯ ಸರದಿ ಆಮೇಲೆ.

ಹೆಸರನ್ನೇ ಹಿಂದೆ ಸರಿಸಿ ಗೆದ್ದವರೂ ನಮ್ಮವರಲ್ಲಿದ್ದಾರೆ. ಮೂಲ್ಕಿಯ ಕಡೆಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತರು 1984ರಲ್ಲಿ ಜುಹುವಿನಲ್ಲಿ ನ್ಯಾಚುರಲ್ಸ್ ಎಂಬ ಐಸ್‌ಕ್ರೀಮ್ ಅಂಗಡಿ ತೆರೆದರು. ಬರೀ ಐಸ್‌ಕ್ರೀಮಿಗೆ ಜನ ಬರುತ್ತಾರೋ ಇಲ್ಲವೋ ಎಂದು ಜೊತೆಗೆ ಪಾವ್‌ಭಾಜಿಯನ್ನೂ ಇಟ್ಟರು. ಖಾರ ತಿಂದವನು ತಂಪು ಕೇಳಲೇಬೇಕಲ್ಲ! ಜನರ ಬಾಯಲ್ಲಿ ಅದು 'ಜುಹು ಸ್ಕೀಮಿನ ಐಸ್‌ಕ್ರೀಮ್' ಆಯಿತು. ನ್ಯಾಚುರಲ್ಸ್ ದೇಶದ ಊರೂರಿಗೆ ಹೋದರೂ ಬೋರ್ಡಿನ ಮೇಲೆ ಕಾಮತ್ ಎಂಬ ಮೂರಕ್ಷರ ಹತ್ತಲಿಲ್ಲ. ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಶುರುಮಾಡಿದ ಊಟದ ಮನೆಯ ಕಥೆ ಇದಕ್ಕೆ ತಿರುಗಾಮುರುಗ. ಬೋರ್ಡಿನಲ್ಲಿ ಉಡುಪಿ ಶ್ರೀಕೃಷ್ಣನೇ ಇದ್ದರೂ ಜನ ಹೋಗುವುದು ರಾಮ ನಾಯಕರಲ್ಲಿಗೆ.

ಆದರೂ ನಾನು ಕಂಡ ಅತ್ಯುತ್ತಮ ಕಾರ್ಡು ಫೋರ್ಟಿನ ಹಳೆಯ ಹೋಟೆಲಿನ ರಾಯರೊಬ್ಬರದು. 'ಬಾಂಬೆ' ಎಂದು ಅಚ್ಚಾಗಿತ್ತು. 1995ರಲ್ಲಿ ಊರು ಅಧಿಕೃತವಾಗಿ ಮುಂಬೈ ಆದಾಗ ಅದಕ್ಕೊಂದು ಗೀಟು ಎಳೆದು ರಬ್ಬರ್ ಸ್ಟ್ಯಾಂಪ್ ಹಾಕಿಸಿದರು. ಆಮೇಲೆ ಏಳಂಕಿಯ ಫೋನ್ ನಂಬರಿನ ಆರಂಭಕ್ಕೆ ಒಂದು '2' ಸೇರಿತು. ಗಲ್ಲೆಯ ಹುಡುಗನನ್ನು ಕೂರಿಸಿ ಅಷ್ಟೂ ಕಾರ್ಡುಗಳಿಗೆ ಬಾಲ್‌ಪೆನ್ನಿನಲ್ಲಿ '2' ಬರೆಸಿದರು. ಮೊಬೈಲು ಬಂದಾಗ ಅದು ಮಾರ್ಜಿನ್ನಿಗೆ ಅಡ್ಡಡ್ಡ ಹತ್ತಿತು. ಹೊಸದು ಮಾಡಿಸಬಾರದೇ ಎಂದರೆ, "ಇದು ಮುಗೀಲಿ" ಎನ್ನುತ್ತಿದ್ದರು. ಸಾಲ ಕೊಡುವವರಿಗೆ ಆ ಗೀಟು, ಆ ಸ್ಟ್ಯಾಂಪು, ಆ ಬಾಲ್‌ಪೆನ್ನುಗಳಿಗಿಂತ ದೊಡ್ಡ ಭರವಸೆ ಇನ್ನೇನು ಬೇಕು? ಇಷ್ಟು ವರ್ಷ ಅದೇ ವಿಳಾಸದಲ್ಲಿ ಕೂತಿರುವ ಆಸಾಮಿ, ಓಡಿಹೋಗುವ ಪೈಕಿಯಲ್ಲ!

ಈಗ ಗಲ್ಲೆಯ ಮೇಲೆ ಕ್ಯೂಆರ್ ಕೋಡು ನಿಂತಿದೆ. ಅದಕ್ಕೆ ಸೋದರಮಾವ ಯಾರೆಂದು ಗೊತ್ತಿಲ್ಲ. ಹಾಗಾಗಿ ಕಾರ್ಡು ಸದ್ಯಕ್ಕೆ ಸಾಯುವುದಿಲ್ಲ. ಮುಂಬಯಿಯ ನಮ್ಮವರ ಸಮಾರಂಭಕ್ಕೆ ಬರುವುದಿದ್ದರೆ ಓದುವ ಕನ್ನಡಕ ಮರೆಯಬೇಡಿ. ಕಾರ್ಡು ಕೊಟ್ಟವರು ನೀವು ಹಿಂಬದಿಯನ್ನು ಕೊನೆಯ ಸಾಲಿನವರೆಗೆ ಓದಿ ಮುಗಿಸದೆ ಊಟಕ್ಕೆ ಬಿಡುವುದಿಲ್ಲ.